ಅಘನಾಶಿನಿಯ ಅಳಿವೆಯಲ್ಲಿ ನೀರಿನ ಲೆಕ್ಕ

ಕಳೆದ ನವೆಂಬರಿನಿಂದ ಕುಮಟಾದ ನಮ್ಮ ಪುಟ್ಟ ಕಚೇರಿಯಲ್ಲಿ ನಾನು ಸಮುದ್ರದ ಭರತ ಮತ್ತು ಇಳಿತವನ್ನು ಮುಂಚಿತವಾಗಿ ಲೆಕ್ಕ ಹಾಕುವ ಪ್ರೋಗ್ರಾಮೊಂದನ್ನು ಬರೆಯುತ್ತಿದ್ದೇನೆ. ಅದಕ್ಕೂ ಮೊದಲಿನ ಏಳು ವರ್ಷ ಅಂಗಡಿಗಳ ಬಿಲ್ಲು, ದಾಸ್ತಾನು, ಜಿಎಸ್‌ಟಿ ಲೆಕ್ಕಗಳ ತಂತ್ರಾಂಶವನ್ನೇ ಬರೆದವನು ನಾನು. ಆ ಕೆಲಸದ ಬಗ್ಗೆ ನನಗೆ ಗೌರವವಿದೆ, ನಮ್ಮ ಸಂಬಳ ಬಂದದ್ದೂ ಅದರಿಂದಲೇ. ಆದರೆ ಬೆಳಿಗ್ಗೆ ಎದ್ದೊಡನೆ ಹಲ್ಲುಜ್ಜುವ ಮೊದಲು ಫೋನು ತೆರೆದು ನಿನ್ನೆಯ ಲೆಕ್ಕ ಸರಿಬಂತೇ ಎಂದು ನೋಡುವ ಆತುರ ಈ ಆರು ತಿಂಗಳಲ್ಲಿ ಹುಟ್ಟಿದ್ದು.

ಬೇಡಿಕೆ ಕೇಳಲು ಸರಳವಾಗಿತ್ತು. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುವವರಿದ್ದಾರೆ, ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಾದ ಗಜನಿಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತ ಒಡ್ಡಿನ ಬಾಗಿಲನ್ನು ನೀರಿನ ಏರಿಳಿತಕ್ಕೆ ತಕ್ಕಂತೆ ತೆರೆದು ಮುಚ್ಚುವ ರೈತರಿದ್ದಾರೆ, ತದಡಿಯಿಂದ ದೋಣಿ ಹೊರಡಿಸುವವರಿದ್ದಾರೆ. ಇವರೆಲ್ಲರಿಗೂ ನಾಳೆ, ನಾಡಿದ್ದು, ಮುಂದಿನ ವಾರ ನೀರು ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆ ಎಂಬುದು ಕನ್ನಡದಲ್ಲಿ, ನೆಟ್‌ವರ್ಕ್ ಸಿಗದ ಕಡೆಯಲ್ಲೂ ಫೋನಿನಲ್ಲಿ ಕಾಣಬೇಕು. ಸರ್ವೇ ಆಫ್ ಇಂಡಿಯಾ ಪ್ರತಿವರ್ಷ ಬಂದರುಗಳಿಗೆ ಭರತದ ಕೋಷ್ಟಕ ಪ್ರಕಟಿಸುತ್ತದೆ. ಆದರೆ ಬಂದರಿನ ಲೆಕ್ಕ ಅಳಿವೆಯ ಒಳಗೆ ಹಾಗೆಯೇ ನಡೆಯುವುದಿಲ್ಲ. ನೀರು ಒಳಗೆ ನುಗ್ಗಲು ಹೊತ್ತು ತೆಗೆದುಕೊಳ್ಳುತ್ತದೆ, ಆಳ ಕಡಿಮೆಯಾದಂತೆ ಅದರ ಆಕಾರವೇ ಬದಲಾಗುತ್ತದೆ. ಹಾಗಾಗಿ ನಾವೇ ಅಳೆಯಬೇಕಾಯಿತು. ಅಳಿವೆಯ ಬಾಯಿಗೆ ಹತ್ತಿರ ದೋಣಿ ನಿಲ್ಲುವ ಧಕ್ಕೆಯೊಂದರಲ್ಲಿ ಒಂದು, ಮಿರ್ಜಾನ್ ಕಡೆ ಒಳಗೆ ಇನ್ನೊಂದು, ಹೀಗೆ ಎರಡು ಸೆನ್ಸರ್ ಕಟ್ಟಿದೆವು. ಶಬ್ದದ ಅಲೆಯನ್ನು ಕೆಳಕ್ಕೆ ಕಳಿಸಿ, ಅದು ಮರಳುವ ಸಮಯದಿಂದ ನೀರಿನ ಮಟ್ಟವನ್ನು ಹತ್ತು ನಿಮಿಷಕ್ಕೊಮ್ಮೆ ದಾಖಲಿಸುವುದು ಅವುಗಳ ಕೆಲಸ. ಮೊದಲ ವಾರವೇ ನೀರು ಒಂದೇ ಸಲಕ್ಕೆ ಒಂದು ಮೀಟರ್ ಏರಿ ನಲವತ್ತು ನಿಮಿಷ ಹಾಗೇ ನಿಂತ ದಾಖಲೆ ಬಂತು. ಹೋಗಿ ವಿಚಾರಿಸಿದರೆ, ಸೆನ್ಸರಿನ ಕೆಳಗೆ ದೋಣಿಯೊಂದನ್ನು ಕಟ್ಟಿ ಮೀನು ಇಳಿಸಿದ್ದರು.

ಈ ಲೆಕ್ಕದ ಹಿಂದಿರುವ ವಿಚಾರ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಸಮುದ್ರದ ಏರಿಳಿತ ಒಂದೇ ಅಲೆಯಲ್ಲ; ಬೇರೆ ಬೇರೆ ಅವಧಿಯ ಹಲವು ಅಲೆಗಳ ಮೊತ್ತ. ಚಂದ್ರನಿಂದ ಹುಟ್ಟುವ ಮುಖ್ಯ ಅಲೆಗೆ ಎಂ2 ಎಂದು ಹೆಸರು, ಅದರ ಅವಧಿ 12 ಗಂಟೆ 25 ನಿಮಿಷ. ಸೂರ್ಯನದು ಎಸ್2, ಸರಿಯಾಗಿ 12 ಗಂಟೆ. ದಿನಕ್ಕೊಮ್ಮೆ ಬರುವ ಕೆ1 ಮತ್ತು ಓ1 ಎಂಬ ಅಲೆಗಳೂ ನಮ್ಮ ಕರಾವಳಿಯಲ್ಲಿ ಸಾಕಷ್ಟು ಬಲವಾಗಿವೆ. ಒಂದೇ ದಿನದ ಎರಡು ಭರತಗಳು ಒಂದೇ ಎತ್ತರಕ್ಕೆ ಬಾರದಿರುವುದಕ್ಕೆ ಇವೇ ಕಾರಣ. ಯಾವ ಅಲೆಯ ಅವಧಿ ಎಷ್ಟೆಂಬುದನ್ನು ಆಕಾಶ ನಿಗದಿ ಮಾಡಿದೆ, ಅದು ಕಾರವಾರಕ್ಕೂ ಒಂದೇ, ಲಂಡನ್ನಿಗೂ ಒಂದೇ. ಆದರೆ ಒಂದು ಊರಿನಲ್ಲಿ ಆ ಅಲೆ ಎಷ್ಟು ಎತ್ತರ, ಎಷ್ಟು ತಡ ಎಂಬುದನ್ನು ಅಲ್ಲಿನ ನೆಲವೂ ನೀರೂ ಸೇರಿ ತೀರ್ಮಾನಿಸುತ್ತವೆ. ಅದನ್ನು ಅಳತೆಯಿಂದಲೇ ಹೆಕ್ಕಿ ತೆಗೆಯಬೇಕು. 1870ರ ದಶಕದಲ್ಲಿ ವಿಜ್ಞಾನಿ ಕೆಲ್ವಿನ್ ಈ ಅಲೆಗಳನ್ನು ಕೂಡಿಸಲು ರಾಟೆಗಳ ಮೇಲೆ ಒಂದೇ ತಂತಿ ಹಾಯಿಸಿದ ಯಂತ್ರ ಮಾಡಿಸಿದ್ದ. ಪ್ರತಿ ರಾಟೆಯೂ ಒಂದೊಂದು ಅಲೆ, ತಂತಿಯ ತುದಿಯ ಪೆನ್ನು ಬರೆಯುವ ಗೆರೆಯೇ ನಾಳೆಯ ಸಮುದ್ರ. 1879ರಲ್ಲಿ ಭಾರತದ ಬಂದರುಗಳಿಗೆಂದೇ ಅಂಥ ಒಂದು ಯಂತ್ರ ತಯಾರಾಯಿತು. ನಾನು ಬರೆದ ಫಂಕ್ಷನ್ನಿನ ತಿರುಳೂ ಅದೇ ಕೂಡಿಕೆ, ನಾಲ್ಕು ಸಾಲಿನದು. ಮೂವತ್ತೇಳು ಅಲೆಗಳಿಗೆ ಇಡೀ ವರ್ಷವನ್ನು ಹತ್ತು ನಿಮಿಷಕ್ಕೊಂದರಂತೆ ಲೆಕ್ಕ ಹಾಕಿದರೂ ಇಪ್ಪತ್ತು ಲಕ್ಷ ಕೊಸೈನ್ (ಒಂದು ಅಲೆಯ ಒಂದು ಕ್ಷಣದ ಎತ್ತರ ಕೊಡುವ ತ್ರಿಕೋನಮಿತಿಯ ಲೆಕ್ಕ) ಆಗುವುದಿಲ್ಲ. ಸಾಧಾರಣ ಫೋನಿಗೂ ಅದು ಭಾರವಲ್ಲ.

ಕಷ್ಟವಿದ್ದದ್ದು ಆ ಎತ್ತರ ಮತ್ತು ತಡಗಳನ್ನು ಹೆಕ್ಕುವಲ್ಲಿ. ಹತ್ತು ದಿನದ ದಾಖಲೆ ಕೈಗೆ ಬಂದೊಡನೆ ಅಳತೆಗೆ ಆದಷ್ಟು ಹತ್ತಿರ ಕೂರುವ ಗೆರೆಯನ್ನು ಹುಡುಕುವ ಲೀಸ್ಟ್ ಸ್ಕ್ವೇರ್ಸ್ ವಿಧಾನದಿಂದ ಲೆಕ್ಕ ಮಾಡಿದೆ. ಹಿಂದಿನ ಹತ್ತು ದಿನಕ್ಕೆ ಗೆರೆ ಅಚ್ಚೊತ್ತಿದಂತೆ ಕೂತಿತು. ಮುಂದಿನ ವಾರಕ್ಕೆ ಚಾಚಿದರೆ, ಅಘನಾಶಿನಿ ಎಂದೂ ಕಾಣದ ನಾಲ್ಕು ಮೀಟರ್ ಭರತ ತೋರಿಸಿತು. ಎಂ2 ಮತ್ತು ಎಸ್2 ಅವಧಿಯಲ್ಲಿ ತೀರ ಹತ್ತಿರದವು. ಅವು ಒಮ್ಮೆ ಜೊತೆಗೂಡಿ ಮತ್ತೆ ಜೊತೆಗೂಡಲು 14.77 ದಿನ ಬೇಕು. ಅಷ್ಟು ದಿನ ನೋಡದೆ ಯಾವುದು ಚಂದ್ರನ ಪಾಲು, ಯಾವುದು ಸೂರ್ಯನ ಪಾಲು ಎಂದು ನಂಬುವಂತೆ ಬಿಡಿಸುವುದು ಗಣಿತಕ್ಕೂ ಕಷ್ಟ. ಕೆ1 ಮತ್ತು ದಿನಕ್ಕೊಮ್ಮೆಯದೇ ಆದ ಇನ್ನೊಂದು ಅಲೆ ಪಿ1, ಈ ಜೋಡಿಯನ್ನು ಬಿಡಿಸಲು 182 ದಿನಕ್ಕೂ ಮೇಲೆ ಬೇಕು. ಅಲ್ಲಿಯವರೆಗೆ ಪಿ1 ಎಂದರೆ ಕೆ1ರ ಸುಮಾರು ಮೂರನೆಯ ಒಂದು ಪಾಲು ಎಂದು ಹಿಡಿದು ಸಾಗಿಸಿದೆ. ತಂತ್ರಾಂಶದ ಕೆಲಸದಲ್ಲಿ ಇಂಥ ಕಾಯುವಿಕೆಯನ್ನು ನಾನು ಕಂಡಿರಲಿಲ್ಲ. ರಾತ್ರಿ ಕೂತು ಮುಗಿಸಿಬಿಡುವೆನೆಂದರೆ ಆಗದು. ಹದಿನೈದು ದಿನ ನೀರು ಏರಿ ಇಳಿಯಲೇಬೇಕು.

ಜನವರಿಯಲ್ಲಿ ಎಲ್ಲವನ್ನೂ ಫೋನಿಗೆ ಹಾಕಿ ಧಕ್ಕೆಗೆ ಒಯ್ದೆ. ಪರದೆ ಭರತ ಎನ್ನುತ್ತಿತ್ತು. ಕಣ್ಣೆದುರು ಕೆಸರು ಬಿಟ್ಟುಕೊಂಡಿತ್ತು. ಗೆರೆ ತಲೆಕೆಳಗಾಗಿದೆ, ಎಲ್ಲೋ ಕೂಡುವ ಕಡೆ ಕಳೆದಿದ್ದೇನೆ ಎಂದು ಎರಡು ದಿನ ಪ್ರತಿ ಸೂತ್ರದ ಚಿಹ್ನೆಯನ್ನೂ ಹುಡುಕಿದೆ. ಮೂರನೆಯ ದಿನ, ಅಳೆದ ಗೆರೆಯನ್ನೂ ಲೆಕ್ಕದ ಗೆರೆಯನ್ನೂ ಒಂದರ ಮೇಲೊಂದಿಟ್ಟು ನಿಧಾನಕ್ಕೆ ಸರಿಸುತ್ತ ಹೋದಾಗ ಅವು ಕೂಡಿಕೊಂಡದ್ದು 6 ಗಂಟೆ 13 ನಿಮಿಷಕ್ಕಲ್ಲ, ಸರಿಯಾಗಿ ಐದೂವರೆ ಗಂಟೆಗೆ. ಚಿಹ್ನೆ ತಪ್ಪಿದ್ದರೆ ಎಂ2ರ ಅರ್ಧ ಅವಧಿಯಷ್ಟು ಅಂತರವಿರಬೇಕಿತ್ತು. ಐದೂವರೆ ಗಂಟೆ ಎಂದರೆ ಭಾರತೀಯ ಸಮಯಕ್ಕೂ ಗ್ರೀನಿಚ್ ಸಮಯಕ್ಕೂ ಇರುವ ವ್ಯತ್ಯಾಸ. ಸೆನ್ಸರ್ ನಮ್ಮ ಗಡಿಯಾರದಲ್ಲಿ ಬರೆದದ್ದನ್ನು ವಿಶ್ಲೇಷಣೆಯ ಪ್ರೋಗ್ರಾಮು ಗ್ರೀನಿಚ್ ಸಮಯವೆಂದು ಓದಿತ್ತು. ಫೋನಿನ ಪ್ರೋಗ್ರಾಮು ಅದನ್ನು ಸರಿಯಾಗಿಯೇ ಪರಿವರ್ತಿಸುತ್ತಿತ್ತು. ಅಲೆಯ ಒಂದು ಪೂರ್ತಿ ಸುತ್ತನ್ನು 360 ಡಿಗ್ರಿ ಎಂದು ಹಿಡಿದರೆ ಎಂ2 ಗಂಟೆಗೆ 28.98 ಡಿಗ್ರಿ ತಿರುಗುತ್ತದೆ, ಐದೂವರೆ ಗಂಟೆಗೆ 159 ಡಿಗ್ರಿ. ಅರ್ಧ ಸುತ್ತಾದ 180ಕ್ಕೆ ಅಷ್ಟು ಸಮೀಪವಾದ್ದರಿಂದಲೇ ಅದು ತಲೆಕೆಳಗಾದಂತೆ ಕಂಡದ್ದು. ಒಂದು ಸಾಲು ತಿದ್ದಿದೆ, ಎರಡು ಗೆರೆಗಳು ಒಂದಾದವು. ಆ ಸಂಜೆಯ ಸಂತೋಷವನ್ನು ಮನೆಯಲ್ಲಿ ವಿವರಿಸಲು ಊಟದ ತಟ್ಟೆ ಆರಿಹೋಗುವಷ್ಟು ಹೊತ್ತು ಬೇಕಾಯಿತು.

ಅದಕ್ಕಿಂತ ದೊಡ್ಡ ಸಂತೋಷ ಫೆಬ್ರುವರಿಯಲ್ಲಿ ಬಂತು. ಹುಣ್ಣಿಮೆಯಂದೇ ದೊಡ್ಡ ಇಳಿತ ಇರುತ್ತದೆಂದು ನಂಬಿ ಅಂದು ಅಳತೆಗೆ ಹೋಗಿದ್ದೆ. ಬಳಚಿನ ಬುಟ್ಟಿ ಹೊತ್ತು ದಡಕ್ಕೆ ಬರುತ್ತಿದ್ದ ಹಿರಿಯ ಹೆಂಗಸೊಬ್ಬರು ನನ್ನ ಕೆಲಸವನ್ನು ಕೇಳಿ ತಿಳಿದು, "ಹುಣ್ಣಿಮೆ ದಿನ ಅಲ್ಲ ತಮ್ಮಾ, ಹುಣ್ಣಿಮೆ ಕಳದು ಎರಡು ದಿನಕ್ಕೆ ಬಾ, ಆಗ ನೋಡು ನೀರು ಎಲ್ಲಿವರೆಗೆ ಹೋಗ್ತದೆ" ಎಂದರು. "ಅಮಾವಾಸ್ಯೆಗೂ ಹಾಗೆಯೇ ಏನಕ್ಕಾ?" ಎಂದು ಕೇಳಿದೆ. "ಅದಕ್ಕೂ ಹಾಂಗೇಯ" ಎಂದರು. ಕಚೇರಿಗೆ ಮರಳಿ ನನ್ನ ಅಂಕಿಗಳಲ್ಲೇ ಹುಡುಕಿದೆ. ಎಂ2 ಮತ್ತು ಎಸ್2ರ ತಡದ ಕೋನಗಳ ವ್ಯತ್ಯಾಸವನ್ನು ಅವುಗಳ ವೇಗದ ವ್ಯತ್ಯಾಸವಾದ ಗಂಟೆಗೆ 1.016 ಡಿಗ್ರಿಯಿಂದ ಭಾಗಿಸಿದರೆ, ಹುಣ್ಣಿಮೆ ಅಮಾವಾಸ್ಯೆಗಳ ನಂತರ ಎಷ್ಟು ಗಂಟೆಗೆ ದೊಡ್ಡ ಭರತ ಬರುತ್ತದೆಂಬುದು ಸಿಗುತ್ತದೆ. ಒಂದೂವರೆ ದಿನದ ಸುಮಾರು ಬಂತು. ಮೂರು ತಿಂಗಳ ದಾಖಲೆಯೊಳಗೆ ಆ ಅಂಕಿ ಕೂತೇ ಇತ್ತು. ಅದನ್ನು ಕೇಳಬೇಕೆಂದು ನನಗೆ ತಿಳಿದಿರಲಿಲ್ಲ, ಅವರಿಗೆ ತಿಳಿದಿತ್ತು. ಅಂದಿನಿಂದ ಯಾವ ಬದಲಾವಣೆ ಮಾಡಿದರೂ ಮೊದಲು ಅಳಿವೆಯವರನ್ನು ವಿಚಾರಿಸುತ್ತೇನೆ. ಪರದೆಯ ಮೇಲೆ ದಿನಾಂಕದ ಪಕ್ಕದಲ್ಲೇ ತಿಥಿ ಇಡಲು ಹೇಳಿದವರೂ ಅವರೇ. ಮೂವತ್ತು ತಿಥಿ ಕಳೆಯುವಷ್ಟರಲ್ಲಿ ಭರತದ ಹೊತ್ತು ಒಟ್ಟು ಇಪ್ಪತ್ತನಾಲ್ಕು ಗಂಟೆ ತಡವಾಗುತ್ತದೆ, ಹಾಗಾಗಿ ಒಂದು ತಿಥಿಗೆ 48 ನಿಮಿಷ ತಡ. ಪಂಚಾಂಗವೊಂದಿದ್ದರೆ ಈ ಲೆಕ್ಕ ಬಾಯಲ್ಲೇ ಆಗುತ್ತದೆ. ಹಾಗಾಗಿ ನನ್ನ ಪ್ರೋಗ್ರಾಮು ಅದಕ್ಕಿಂತ ಹೆಚ್ಚಿನದೇನನ್ನಾದರೂ ಹೇಳಿದರೆ ಮಾತ್ರ ಉಪಯೋಗ.

ಮಿರ್ಜಾನ್ ಕಡೆಯ ಸೆನ್ಸರ್ ಆ ಹೆಚ್ಚಿನದನ್ನು ಕೊಟ್ಟಿತು. ಅಲ್ಲಿ ನೀರು ಬೇಗ ಏರಿ ನಿಧಾನಕ್ಕೆ ಇಳಿಯುತ್ತದೆ. ಆಳವಿಲ್ಲದ ಕಡೆ ಎಂ2 ತನ್ನ ಆಕಾರ ಕಳೆದುಕೊಂಡು, 6 ಗಂಟೆ 13 ನಿಮಿಷದ ಎಂ4 ಎಂಬ ಮರಿ ಅಲೆಯನ್ನು ಹುಟ್ಟಿಸುತ್ತದೆ. ಅದನ್ನು ಸೇರಿಸಿದ ಮೇಲೆ ಒಳಭಾಗದ ಗಜನಿಯವರಿಗೆ ಬಾಗಿಲು ಮುಚ್ಚುವ ಹೊತ್ತು ಹೆಚ್ಚಿನ ದಿನ ಹತ್ತು ನಿಮಿಷದೊಳಗಿನ ವ್ಯತ್ಯಾಸದಲ್ಲಿ ಸಿಗತೊಡಗಿತು. ಈ ತಿಂಗಳ ಆರಂಭದಲ್ಲಿ ಆರು ತಿಂಗಳ ದಾಖಲೆ ತುಂಬಿ, ಪಿ1 ಕೂಡ ಸ್ವಂತ ಅಂಕಿಯೊಂದಿಗೆ ಬೇರೆ ನಿಂತಿತು. ಊಹಿಸಿದ್ದಕ್ಕೆ ಹತ್ತಿರವೇ ಇತ್ತು.

ಈಗ ಮೇ ಕಳೆಯುತ್ತಿದೆ. ಶಿರಸಿಯ ಕಡೆಯಿಂದ ಇಳಿದು ಬರುವ ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ; ಘಟ್ಟದ ಮೇಲೆ ಸುರಿದ ಮಳೆ ತಡೆಯಿಲ್ಲದೆ ಅಳಿವೆಗೆ ಬರುತ್ತದೆ. ಆಗ ಚಂದ್ರ ಸೂರ್ಯರ ಲೆಕ್ಕವೊಂದೇ ಸಾಲದು. ವಾಯುಭಾರ ಒಂದು ಹೆಕ್ಟೋಪಾಸ್ಕಲ್ ಕುಸಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ, ಅದನ್ನೂ ಸೇರಿಸಬೇಕು. ಘಟ್ಟದ ಮಳೆಗೂ ಮಿರ್ಜಾನಿನ ನೀರಿಗೂ ಇರುವ ನಂಟನ್ನು ಹೇಗೆ ಬರೆಯುವುದೆಂಬುದಕ್ಕೆ ನನ್ನ ಬಳಿ ಎರಡು ದಾರಿಗಳಿವೆ. ಎರಡನ್ನೂ ಬರೆದಿಟ್ಟಿದ್ದೇನೆ, ಯಾವುದು ನಿಲ್ಲುತ್ತದೆಂದು ಜೂನ್ ಹೇಳಬೇಕು. ನಿನ್ನೆ ಒಳಗಿನ ಸೆನ್ಸರನ್ನು ಮೇಲಕ್ಕೆ ಕಟ್ಟಲು ಹೋಗಿದ್ದಾಗ, ಹಿಂದಿನ ದೊಡ್ಡ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಲ್ಲಿನ ದೋಣಿಯವರನ್ನು ಕೇಳಿದೆ. ಅವರು ಕಂಬದ ಮೇಲೆ, ನನ್ನ ತಲೆಗಿಂತ ಒಂದು ಗೇಣು ಮೇಲೆ, ಅಂಗೈ ಇಟ್ಟು ತೋರಿಸಿದರು. ಅದಕ್ಕೂ ಎರಡು ಅಡಿ ಮೇಲೆ ಸೆನ್ಸರ್ ಕಟ್ಟಿ, ಹೊಸ ಎತ್ತರವನ್ನು ಪ್ರೋಗ್ರಾಮಿನಲ್ಲಿ ತಿದ್ದಿ ಬಂದಿದ್ದೇನೆ.