ಇಲ್ಲ, ನಾಯಿ ಕಿವಿಗೆ ಎಣ್ಣೆ ಬಿಡಬೇಡಿ

ಎಲ್ಲರೂ ಕೇಳುವ ಪ್ರಶ್ನೆ ಇದು: "ನಾಯಿ ಕಿವಿ ಕೆರ್ಕೊಳ್ತಾ ಇದೆ, ತಲೆ ಒದರ್ತಾ ಇದೆ. ಸ್ವಲ್ಪ ಎಣ್ಣೆ ಕಾಯಿಸಿ ಬಿಟ್ರೆ ಸಾಕಲ್ವಾ?"

ಸಾಲದು. ಬಿಡಲೂಬೇಡಿ.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಇಷ್ಟಕ್ಕೆ ಯಾರೂ ಬಿಡುವುದಿಲ್ಲ. "ಯಾಕೆ?" ಅನ್ನುತ್ತಾರೆ. ಯಾಕೆ ಅಂತ ವಿವರಿಸಿದರೆ, "ನಮ್ಮಜ್ಜಿ ನಮಗೂ ಬಿಡ್ತಿದ್ರು, ನಮ್ಮ ಕಿವಿಗೆ ಏನೂ ಆಗಿಲ್ವಲ್ಲ" ಅನ್ನುತ್ತಾರೆ. ಅದರ ಬಗ್ಗೆಯೂ ನನಗೆ ಅನುಮಾನವಿದೆ. ಅರ್ಧ ಗಂಟೆಯಿಂದ ಬೇಡ ಬೇಡ ಅಂತ ಹೇಳುತ್ತಿರುವುದು ಅವರಿಗೆ ಕೇಳಿಸಿರುವುದಿಲ್ಲ.

ತುಮಕೂರಿನಲ್ಲಿ ನಂದೊಂದು ಸಣ್ಣ ಅಂಗಡಿ ಇದೆ. ನಾಯಿಗಳಿಗೆ ಸ್ನಾನ ಮಾಡಿಸುತ್ತೇನೆ, ಕೂದಲು ಕತ್ತರಿಸುತ್ತೇನೆ, ಉಗುರು ತೆಗೆಯುತ್ತೇನೆ. ಬೋರ್ಡಿನ ಮೇಲೆ ಏನೇ ಬರೆಸಿರಲಿ, ಬೀದಿಯವರು ಕರೆಯುವುದು "ನಾಯಿ ಪಾರ್ಲರ್" ಅಂತಲೇ. ನಾನು ಪಾರ್ಲರ್ ಅಕ್ಕ. ಡಾಕ್ಟರ್ ಅಲ್ಲ. ಆ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಿದ ತಕ್ಷಣ ಎದುರಿನವರ ಮುಖ ಅರಳುತ್ತದೆ. ಡಾಕ್ಟರ್ ಅಲ್ಲದವರು ಫೀಸು ಕೇಳುವುದಿಲ್ಲ ನೋಡಿ. "ಆಸ್ಪತ್ರೆಗೆ ಕರ್ಕೊಂಡು ಹೋಗಿ" ಅಂದರೆ, "ಅದು ದನದ ಆಸ್ಪತ್ರೆ ಅಲ್ವಾ ಅಕ್ಕ" ಅನ್ನುತ್ತಾರೆ. ದನದ ಆಸ್ಪತ್ರೆಯ ಡಾಕ್ಟ್ರು ನಾಯಿಯ ಬಗ್ಗೆಯೂ ಓದಿಕೊಂಡೇ ಬಂದಿರುತ್ತಾರೆ ಸ್ವಾಮಿ.

ಹೋದ ವರ್ಷ ಕ್ಯಾತ್ಸಂದ್ರದ ಹತ್ತಿರ ಒಂದು ಮದುವೆಗೆ ಹೋಗಿದ್ದೆ. ಎರಡನೇ ಪಂಕ್ತಿಯಲ್ಲಿ ಕೂತಿದ್ದೆ. ಎಲೆಗೆ ಹೋಳಿಗೆ ಬಂದಿತ್ತು, ತುಪ್ಪದವನು ಇನ್ನೂ ಎರಡು ಎಲೆ ಆಚೆ ಇದ್ದ. ಪಕ್ಕದಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು.

"ಏನಮ್ಮ, ನಾಯಿ ಪಾರ್ಲರ್ ಇಟ್ಟಿರೋದು ನೀನೇ ಅಂತಲ್ಲ?"

"ಹೌದು ಅಂಕಲ್."

ಅಷ್ಟೇ ಸಾಕಾಯಿತು. ಎಡಗೈಯಲ್ಲಿ ಫೋನು ತೆಗೆದು ನನ್ನ ಎಲೆಯ ಮೇಲೇ ಹಿಡಿದರು. ನಾಯಿಯ ಕಿವಿ. ಒಳಗಿನದು. ಹಳದಿ ಕೀವು, ಅದರ ಸುತ್ತ ಕಂದು ಗುಗ್ಗೆ, ಕೆರೆದು ಕೆರೆದು ರಕ್ತ ಬಂದ ಚರ್ಮ. "ದೊಡ್ಡದು ಮಾಡಿ ನೋಡು" ಅಂದರು. ನಾನು ಬೇಡ ಅನ್ನುವಷ್ಟರಲ್ಲಿ ಅವರೇ ದೊಡ್ಡದು ಮಾಡಿದರು. ಆಮೇಲೆ ಔಷಧಿ ಹೇಳಿದರು: ಕೊಬ್ಬರಿ ಎಣ್ಣೆ, ನಾಲ್ಕು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಿಶಿನ. ಸಾಸಿವೆ ಒಂದು ಬಿಟ್ಟರೆ ಒಗ್ಗರಣೆ ಪೂರ್ತಿ. ಬೇಡ ಅಂದೆ. ಅವರಿಗೆ ಬೇಜಾರಾಯಿತು. "ಅಂಗಡಿ ಎಣ್ಣೆ ಅಲ್ಲಮ್ಮ, ಗಾಣದ್ದು. ತಿಪಟೂರಿಂದ ತರಿಸಿದ್ದು" ಅಂದರು. ನನ್ನ ತಕರಾರು ಕಲಬೆರಕೆಯ ಬಗ್ಗೆ ಅಂದುಕೊಂಡಿದ್ದರು. ತುಪ್ಪದವನು ಬಂದ, ಹೋದ. ನಾನು ನೋಡಲೇ ಇಲ್ಲ.

ಇವರ್ಯಾರೂ ಪ್ರಶ್ನೆ ಕೇಳುವುದಿಲ್ಲ, ಗಮನಿಸಿದ್ದೀರಾ? ಉತ್ತರ ತಂದಿರುತ್ತಾರೆ. ನನ್ನಿಂದ ಬೇಕಿರುವುದು ಸೀಲು. ಸರಿ, ಸೀಲು ಯಾಕೆ ಒತ್ತಲ್ಲ ಅಂತ ಕೇಳಿ.

ನಮ್ಮ ಕಿವಿಯ ಕೊಳವೆ ಹೆಚ್ಚುಕಮ್ಮಿ ನೇರ. ನಾಯಿಯದು ಹಾಗಲ್ಲ. ಮೊದಲು ಕೆಳಕ್ಕೆ ಇಳಿಯುತ್ತದೆ, ಆಮೇಲೆ ತಲೆಯ ಒಳಕ್ಕೆ ತಿರುಗುತ್ತದೆ. ಇಂಗ್ಲಿಷಿನ ಎಲ್ ಅಕ್ಷರದ ಥರ. ಆ ತಿರುವಿನ ಆಚೆ ತುದಿಯಲ್ಲಿ ಕಿವಿಯ ತಮಟೆ ಇರುತ್ತದೆ. ನೀವು ಬಿಟ್ಟ ಎಣ್ಣೆ ತಿರುವಿನಲ್ಲಿ ನಿಲ್ಲುತ್ತದೆ, ಸುಲಭಕ್ಕೆ ಹೊರಗೆ ಬರಲ್ಲ. ಒಳಗೆ ಮೊದಲೇ ಕತ್ತಲೆ, ಬೆಚ್ಚಗೆ, ಒದ್ದೆ. ಅದರ ಮೇಲೆ ಜಿಡ್ಡು. ಮಲಸೀಜಿಯಾ ಅನ್ನುವ ಒಂದು ಬೂಷ್ಟು ನಾಯಿಯ ಚರ್ಮದ ಮೇಲೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದಕ್ಕೆ ಜಿಡ್ಡು ಅಂದರೆ ಪ್ರಾಣ. ನೀವು ಔಷಧಿ ಅಂತ ಕೊಟ್ಟಿದ್ದು ಅದಕ್ಕೆ ಊಟ. ಕಿವಿ ಒರೆಸಿದಾಗ ಹತ್ತಿಯಲ್ಲಿ ಕರಕಲಾದ ಬೆಳ್ಳುಳ್ಳಿ ಚೂರು ಬಂದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೂ ಕೆಟ್ಟದ್ದು ಅಂದರೆ ತಮಟೆ ತೂತಾಗಿರುವುದು. ಸೋಂಕು ಜೋರಾದರೆ ತೂತಾಗುತ್ತದೆ, ಹೊರಗಿನಿಂದ ನಮಗೆ ಗೊತ್ತಾಗಲ್ಲ. ಆಗ ಬಿಟ್ಟಿದ್ದೆಲ್ಲ ನಡುಗಿವಿಗೆ ಹೋಗುತ್ತದೆ. ಎಣ್ಣೆ ಮಾತ್ರ ಅಲ್ಲ, ಜೆಂಟಾಮೈಸಿನ್ ಥರದ ಔಷಧಿಯ ಹನಿ ಕೂಡ ತೂತಾದ ತಮಟೆ ದಾಟಿದರೆ ನಾಯಿ ಕಿವುಡಾಗುವ ಅಪಾಯ ಇದೆ. ಅದಕ್ಕೇ ಡಾಕ್ಟ್ರು ಮೊದಲು ದೀಪ ಇರುವ ಸಾಧನ ಇಟ್ಟು ಒಳಗೆ ನೋಡುವುದು. ಹೋದ ವರ್ಷದ ಬಾಟಲಿ ಫ್ರಿಜ್ಜಿನಲ್ಲಿ ಉಳಿದಿದೆ ಅಂತ ಅದನ್ನೇ ಬಿಡಬೇಡಿ. ಪಕ್ಕದ ಮನೆ ನಾಯಿಯದಂತೂ ಬೇಡವೇ ಬೇಡ.

ಎಣ್ಣೆಯ ಪರವಾಗಿ ಒಂದು ಮಾತು ಹೇಳುತ್ತೇನೆ, ಅನ್ಯಾಯ ಮಾಡಬಾರದು. ಕಿವಿಯಲ್ಲಿ ನುಸಿ ಇದ್ದರೆ ಎಣ್ಣೆ ಹಾಕಿ ಉಸಿರುಗಟ್ಟಿಸುವ ಪದ್ಧತಿ ಹಿಂದೆ ಇತ್ತು. ನುಸಿ ಬಿದ್ದ ಕಿವಿಯಲ್ಲಿ, ಅದರಲ್ಲೂ ಮರಿಗಳಲ್ಲಿ, ಕಾಫಿ ಪುಡಿಯಂಥ ಕಪ್ಪು ಕೊಳೆ ಕಾಣುತ್ತದೆ. ಆದರೆ ನಿಮ್ಮ ನಾಯಿಗೆ ಇರುವುದು ನುಸಿ ಅಂತ ಹೇಳಿದವರು ಯಾರು? ಅಲರ್ಜಿ ಇರಬಹುದು. ಮತ್ತೆ ಮತ್ತೆ ಬರುವ ಕಿವಿ ನೋವಿನ ಹಿಂದೆ ಹೆಚ್ಚಾಗಿ ಅಲರ್ಜಿಯೇ ಇರುತ್ತದೆ. ಅದಕ್ಕೆ ಮದ್ದು ಮಾಡದೆ ಕಿವಿಗೆ ಮಾತ್ರ ಮಾಡಿದರೆ ವಾಸಿಯಾಗಿ ಮತ್ತೆ ಬರುತ್ತದೆ. ಕಿವಿಯ ಮಡಿಕೆಯ ಒಳಗೆ ಉಣ್ಣೆ ಹುಳ ಕಚ್ಚಿಕೊಂಡಿರಬಹುದು. ಮಳೆಗಾಲ ಮುಗಿದ ಮೇಲೆ ದೇವರಾಯನದುರ್ಗದ ಕಡೆ ಸುತ್ತಾಡಿಸಿದ್ದರೆ ಒಣಹುಲ್ಲಿನ ಮೊನಚು ಬೀಜ ಹೊಕ್ಕಿರಬಹುದು. ಅದು ಮುಂದೆ ಮುಂದೆ ಹೋಗುತ್ತದೆ, ಹಿಂದೆ ಬರಲ್ಲ. ಭಾನುವಾರದ ಸ್ನಾನದ ನೀರೇ ಉಳಿದಿರಬಹುದು. ಡಾಕ್ಟ್ರು ಹತ್ತಿಯಲ್ಲಿ ಒಂದಿಷ್ಟು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬೂಷ್ಟೋ ಬ್ಯಾಕ್ಟೀರಿಯಾವೋ ತಿಳಿಯುತ್ತದೆ. ನನಗೆ ಕಳಿಸುವ ಫೋಟೊದಲ್ಲಿ ತಿಳಿಯಲ್ಲ. ಫೋಟೊದಲ್ಲಿ ವಾಸನೆಯೂ ಬರಲ್ಲ, ನಾನು ಅರ್ಧ ಕೆಲಸ ಮಾಡುವುದೇ ಮೂಗಿನಿಂದ. ಚೆನ್ನಾಗಿರುವ ಕಿವಿಗೆ ವಾಸನೆಯೇ ಇಲ್ಲ ಅನ್ನಬಹುದು. ಹುಳಿ ವಾಸನೆ ಬಂದರೆ ಬೂಷ್ಟು ಅಂತ ಗುಮಾನಿ. ಕೊಳೆತ ವಾಸನೆ ಬಂದರೆ ನಾನು ಸ್ನಾನಕ್ಕೇ ಇಳಿಸಲ್ಲ, ವಾಪಸ್ ಕಳಿಸುತ್ತೇನೆ. ಬೈಸಿಕೊಂಡರೂ ಪರವಾಗಿಲ್ಲ.

ಎಣ್ಣೆ ಸಾಕು. ನನಗೆ ಯಾರಾದರೂ ಕೇಳಲಿ ಅಂತ ಆಸೆ ಇರುವ ಪ್ರಶ್ನೆ ಬೇರೆ. ಈ ಕಿವಿಗೆ ಏನೇನು ಕೇಳಿಸುತ್ತೆ? ಅದನ್ನು ಯಾರೂ ಕೇಳಲ್ಲ. ಕಿವಿ ಅಂದರೆ ಏನಾದರೂ ಸುರಿಯುವ ಜಾಗ ಅಂದುಕೊಂಡವರಿಗೆ ಅದು ಹೊಳೆಯುವುದೂ ಇಲ್ಲ.

ಒಬ್ಬರು ಸ್ನಾನಕ್ಕೆ ನಾಯಿ ಬಿಟ್ಟು ಹೋಗುವಾಗ ಸುಮ್ನೆ ಮಾತಿಗೆ ಅಂದರು, "ಇದ್ಯಾಕೋ ಅಡುಗೆಮನೆ ಬಾಗಿಲಿಗೂ ಬರಲ್ಲ ಮೇಡಂ. ಮೊದಲು ಅಲ್ಲೇ ಬಿದ್ದಿರ್ತಿತ್ತು. ದೃಷ್ಟಿ ಏನಾದ್ರೂ ಆಗಿದೆಯಾ?" ಪ್ಲಗ್ಗಿಗೆ ಏನು ಹಾಕಿದ್ದೀರಿ ಅಂತ ಕೇಳಿದೆ. ಇಲಿ ಓಡಿಸುವ ಮೆಷಿನ್ ಹಾಕಿದ್ದರು, ನಮಗೆ ಕೇಳಿಸದ ಸದ್ದು ಮಾಡುತ್ತದಲ್ಲ, ಅದು. ಸದ್ದು ಕೀಚಲಾದಷ್ಟೂ ಹರ್ಟ್ಸ್ ಲೆಕ್ಕ ಜಾಸ್ತಿ. ಮನುಷ್ಯರಿಗೆ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ, ವಯಸ್ಸಾದರೆ ಅಷ್ಟೂ ಇಲ್ಲ. ನಾಯಿಗೆ ಸುಮಾರು 45,000ದವರೆಗೆ ಕೇಳಿಸುತ್ತದೆ. ಇಲಿಗೆ ಅಂತ ಇಟ್ಟಿದ್ದು ನಾಯಿಯ ತಲೆ ತಿನ್ನುತ್ತಿತ್ತು. ಇಲಿಗಳು ಏನಾದವು ಅಂತ ಕೇಳಿದೆ. ಇಲಿಗಳು ಇದ್ದವು.

ಈ ಕೀಚಲು ಸದ್ದಿನ ವಿಷಯ ಹಳೆಯದು. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅನ್ನುವ ವಿಜ್ಞಾನಿ ಒಂದು ಸಣ್ಣ ಸೀಟಿ ಮಾಡಿ, ಅದನ್ನು ಊರುಗೋಲಿಗೆ ಸೇರಿಸಿಕೊಂಡು ಮೃಗಾಲಯದಲ್ಲೂ ಬೀದಿಯಲ್ಲೂ ಊದುತ್ತಾ ತಿರುಗುತ್ತಿದ್ದ. ಯಾವ ಪ್ರಾಣಿ ಕಿವಿ ನಿಮಿರಿಸುತ್ತದೆ ಅಂತ ನೋಡುವುದು. ನಮ್ಮ ಅಮಾನಿಕೆರೆ ದಂಡೆಯಲ್ಲಿ ಹಾಗೆ ಯಾರಾದರೂ ಓಡಾಡಿದರೆ ಜನ ಏನಂದಾರು? ಸಣ್ಣ ನಾಯಿಗೆ ಕೇಳಿಸುತ್ತದೆ, ದೊಡ್ಡದಕ್ಕೆ ಕೇಳಿಸಲ್ಲ ಅಂತ 1883ರಲ್ಲಿ ಬರೆದ. ಸರಿಯಾಗಿ ನೂರು ವರ್ಷ ಬಿಟ್ಟು 1983ರಲ್ಲಿ ಹೆನ್ರಿ ಹೆಫ್ನರ್ ಅನ್ನುವ ವಿಜ್ಞಾನಿ ಚಿಹುವಾಹುವಾದಿಂದ ಸೇಂಟ್ ಬರ್ನಾರ್ಡ್‌ವರೆಗೆ ಪರೀಕ್ಷೆ ಮಾಡಿ, ನಾಯಿಯ ಗಾತ್ರಕ್ಕೂ ಕೀಚಲು ಸದ್ದು ಕೇಳಿಸುವುದಕ್ಕೂ ಸಂಬಂಧ ಇಲ್ಲ ಅಂತ ತೋರಿಸಿದರು. ಮಡಿಲಲ್ಲಿ ಇಟ್ಟುಕೊಳ್ಳುವ ನಾಯಿಯೂ ಒಂದೇ, ಕರುವಿನ ಗಾತ್ರದ್ದೂ ಒಂದೇ.

ಹಾಗಂತ ನಾಯಿಗೆ ಎಲ್ಲದರಲ್ಲೂ ನಮಗಿಂತ ಮೇಲು ಅಂತೇನಿಲ್ಲ. ದಪ್ಪ ಸದ್ದು, ಅಂದರೆ ಕಡಿಮೆ ಹರ್ಟ್ಸಿನದು, ನಮಗೇ ಚೆನ್ನಾಗಿ ಕೇಳಿಸುತ್ತದೆ. ಸದ್ದು ಯಾವ ದಿಕ್ಕಿನಿಂದ ಬಂತು ಅಂತ ಗುರುತಿಸುವುದರಲ್ಲೂ ನಾವೇ ಚುರುಕು. ನಮಗೆ ಒಂದು ಡಿಗ್ರಿ ವ್ಯತ್ಯಾಸ ಸಾಕು, ನಾಯಿಗೆ ಎಂಟು ಡಿಗ್ರಿ ಬೇಕು. ಒಂದು ಡಜನ್‌ಗೂ ಜಾಸ್ತಿ ಸ್ನಾಯು ಇಟ್ಟುಕೊಂಡು ಕಿವಿಯನ್ನು ಅಷ್ಟೆಲ್ಲ ತಿರುಗಿಸಿದರೂ ಇಷ್ಟೇ. ಇದನ್ನು ಹೇಳಿದರೆ ನಾಯಿ ಸಾಕಿದವರಿಗೆ ಸಿಟ್ಟು ಬರುತ್ತದೆ, ಅವರ ಮಗನಿಗೆ ಮಾರ್ಕ್ಸ್ ಕಡಿಮೆ ಕೊಟ್ಟ ಹಾಗೆ.

ದೀಪಾವಳಿ ಹತ್ತಿರ ಬಂದಾಗ "ಕಿವಿಗೆ ಹತ್ತಿ ತುರುಕಲಾ" ಅಂತ ಕೇಳುವವರೂ ಇದ್ದಾರೆ. ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬೆಲ್ ನಮ್ಮ ದೇಶದಲ್ಲಿ ಪಟಾಕಿಗೆ ಇರುವ ಮಿತಿ. ಮಿತಿಯೇ ಅಷ್ಟು! ಅದನ್ನು ಹತ್ತಿ ಏನು ತಡೆದೀತು. ಒಳಗಿನ ರೂಮಿನಲ್ಲಿ ಕಿಟಕಿ ಹಾಕಿ, ಫ್ಯಾನು, ಟಿವಿ ಹಾಕಿ, ಜೊತೆಗೆ ಒಬ್ಬರು ಕೂತಿರಿ. ತುಂಬಾ ನಡುಗುವ ನಾಯಿಯಾದರೆ ಹಬ್ಬಕ್ಕೆ ಮೊದಲೇ ಡಾಕ್ಟ್ರ ಹತ್ತಿರ ಮಾತಾಡಿ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಒಂದು ಲ್ಯಾಬ್ರಡಾರ್ ಇತ್ತು. ಮನೆಯವರೆಲ್ಲ ಅದಕ್ಕೆ ಇಟ್ಟ ಹೆಸರು ಮೊಂಡ. ಕರೆದರೆ ಬರಲ್ಲ, ಊಟಕ್ಕೂ ತಡ, ಗೇಟು ತೆಗೆದರೆ ತಿರುಗಿ ನೋಡಲ್ಲ. ಯಜಮಾನರು ಪೇಪರು ಸುತ್ತಿ ಎರಡು ಕೊಡುತ್ತಿದ್ದರಂತೆ. ನನ್ನ ಟೇಬಲ್ಲಿನ ಮೇಲೆ ಹತ್ತಿಸಿ ಕಿವಿಯ ಹಾಳೆ ಎತ್ತಿದೆ. ಕೊಳವೆಯ ಬಾಯಿಯೇ ಇಲ್ಲ. ಚರ್ಮ ಊದಿ ಗಂಟುಗಂಟಾಗಿ ಒಂದಕ್ಕೊಂದು ಅಂಟಿತ್ತು. ನನ್ನ ಕಿರುಬೆರಳಿನ ತುದಿಯೂ ಹೋಗುವ ಹಾಗಿರಲಿಲ್ಲ. ಮುಟ್ಟಿದರೆ ಕಚ್ಚಬೇಕಿತ್ತು, ಕಚ್ಚಲಿಲ್ಲ. ತಲೆಯನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಿತು. ಇನ್ನೊಂದು ಕಿವಿಯೂ ಹಾಗೇ. ಅದಕ್ಕೆ ಕೇಳಿಸುವುದಾದರೂ ಹೇಗೆ?

ಆ ಮನೆಯವರು ಕೂಡ ಮೊದಲು ಕೇಳಿದ್ದು ಎಣ್ಣೆಯ ಬಗ್ಗೆಯೇ. ಡಾಕ್ಟ್ರು ತಿಂಗಳುಗಟ್ಟಲೆ ಔಷಧಿ ಮಾಡಿದರು, ಊಟ ಬದಲಾಯಿಸಿದರು. ಈಗ ಫ್ರಿಜ್ ಬಾಗಿಲು ತೆಗೆದರೆ ಮಹಡಿಯಿಂದ ಇಳಿದು ಬರುತ್ತದಂತೆ. ಮೊಂಡ ಅನ್ನುವ ಹೆಸರು ಮಾತ್ರ ಹಾಗೇ ಉಳಿದಿದೆ.

ಜೋತುಬಿದ್ದ ಕಿವಿಯ ನಾಯಿಗಳಿಗೆ, ಕಾಕರ್ ಸ್ಪ್ಯಾನಿಯಲ್‌ಗಂತೂ ವಿಶೇಷವಾಗಿ, ಈ ಕಾಟ ಜಾಸ್ತಿ. ಅಂಥದ್ದು ಮನೆಯಲ್ಲಿದ್ದರೆ ವಾರಕ್ಕೊಂದು ಸಲ ಕಿವಿ ಎತ್ತಿ ನೋಡಿ, ಮೂಸಿ. ತಿಳಿ ಗುಲಾಬಿ ಬಣ್ಣ, ಒಂಚೂರು ಗುಗ್ಗೆ, ಅಷ್ಟಿದ್ದರೆ ಮುಟ್ಟಲೇಬೇಡಿ. ದಿನಾ ತೊಳೆದರೂ ಕೆಡುತ್ತದೆ. ತೊಳೆಯಬೇಕಾದರೆ ಡಾಕ್ಟ್ರು ಹೇಳಿದ ಕಿವಿ ತೊಳೆಯುವ ದ್ರಾವಣ ತನ್ನಿ. ಸ್ಪಿರಿಟ್ಟು, ಹೈಡ್ರೋಜನ್ ಪೆರಾಕ್ಸೈಡು ಬೇಡ, ಉರಿಯುತ್ತದೆ. ಕಿವಿ ತುಂಬ ಬಿಟ್ಟು, ಬುಡವನ್ನು ಹೊರಗಿನಿಂದ ನಿಧಾನಕ್ಕೆ ಒತ್ತಿ ಉಜ್ಜಿ. ಪಚಪಚ ಅನ್ನುತ್ತದೆ. ಆಮೇಲೆ ಕೈ ಬಿಡಿ, ನಾಯಿ ತಲೆ ಒದರುತ್ತದೆ. ಹಳೇ ನೈಟಿ ಹಾಕಿಕೊಂಡಿರಿ. ಮೇಲೆ ಬಂದಿದ್ದನ್ನು ಬೆರಳಿಗೆ ಹತ್ತಿ ಸುತ್ತಿ ಒರೆಸಿ, ಬೆರಳು ಹೋಗುವಷ್ಟೇ. ಇಯರ್ ಬಡ್ ಹಾಕಿದರೆ ಕೊಳೆಯನ್ನು ನೀವೇ ತಿರುವಿನ ಆಚೆಗೆ ತಳ್ಳಿದ ಹಾಗೆ.

ಕೆರೆದುಕೊಳ್ಳಲಿ ಬಿಡು ಅಂತ ತಿಂಗಳು ಕಾದರೆ ಇನ್ನೊಂದು ರಗಳೆ. ತಲೆ ಒದರಿ ಒದರಿ ಕಿವಿಯ ಹಾಳೆಯ ಒಳಗೆ ರಕ್ತನಾಳ ಒಡೆದು, ಹಾಳೆ ಊದಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಸುರುಟಿ ಮುದ್ದೆಯಾಗುತ್ತದೆ. ತಲೆ ಒಂದೇ ಕಡೆ ವಾಲಿಸಿಕೊಂಡು ನಡೆಯುತ್ತಿದ್ದರೆ ಮುದ್ದಾಗಿದೆ ಅಂತ ರೀಲ್ಸ್ ಮಾಡಬೇಡಿ, ಒಳಗಿವಿಗೆ ಸೋಂಕು ಹೋಗಿರಬಹುದು, ಅವತ್ತೇ ಆಸ್ಪತ್ರೆಗೆ ಹೊರಡಿ. ಕಿವಿಯಲ್ಲಿ ಹುಳ ಬಿದ್ದಿದ್ದರೂ ಅಷ್ಟೇ. ಸೀಮೆಎಣ್ಣೆ, ಪೆಟ್ರೋಲು ಅಂತ ಶುರು ಮಾಡಬೇಡಿ.

ಬೀದಿನಾಯಿಯ ಕಿವಿ ತುದಿಯಲ್ಲಿ ಕತ್ತರಿಸಿದ ಗುರುತು ಕಂಡು "ಯಾರೋ ಪಾಪಿಗಳು" ಅಂತ ಶಾಪ ಹಾಕುವವರಿಗೆ: ಅದು ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಅನ್ನುವ ಗುರುತು. ಅರಿವಳಿಕೆ ಕೊಟ್ಟಾಗಲೇ ಮಾಡಿರುತ್ತಾರೆ.

ಇನ್ನು ಮುದಿ ನಾಯಿ ಕಿವುಡಾದರೆ ಏನು ಮಾಡುವುದು ಅಂತ ಒಬ್ಬಿಬ್ಬರು ಕೇಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮೊದಲು ಅದು ವಯಸ್ಸೋ ಗುಗ್ಗೆಯೋ ಅಂತ ತೋರಿಸಿಕೊಳ್ಳಿ. ವಯಸ್ಸೇ ಆದರೆ ಕೈಸನ್ನೆ ಕಲಿಸಿ, ಮುದಿಯಾದರೂ ಕಲಿಯುತ್ತವೆ, ತಿಂಡಿ ಇದ್ದರೆ ಬೇಗ ಕಲಿಯುತ್ತವೆ. ಮಲಗಿರುವಾಗ ಹಿಂದಿನಿಂದ ಹೋಗಿ ಮುಟ್ಟಬೇಡಿ, ಬೆಚ್ಚಿ ಬಾಯಿ ಹಾಕಬಹುದು. ನೆಲಕ್ಕೆ ಕಾಲು ಕುಟ್ಟಿ, ಅದುರುವುದು ಅದಕ್ಕೆ ಗೊತ್ತಾಗುತ್ತದೆ. ಹೊರಗೆ ಹೋದರೆ ಬೆಲ್ಟು ಬಿಚ್ಚಬೇಡಿ. ಬಿ.ಎಚ್. ರಸ್ತೆಯಲ್ಲಿ ಹಾರ್ನು ಕೇಳಿ ಪಕ್ಕಕ್ಕೆ ಸರಿಯುತ್ತದೆ ಅಂತ ಕಿವಿ ನೆಟ್ಟಗಿರುವ ನಾಯಿಯನ್ನೂ ಬಿಡಬೇಡಿ. ಯಾವ ಕಡೆಯ ಹಾರ್ನು ಅಂತ ಅಲ್ಲಿ ನನಗೇ ಗೊತ್ತಾಗಲ್ಲ.