ಬೀಗದ ಕೈ ಯಾರ ಸೊಂಟದಲ್ಲಿ?

ಆಕಾಶವಾಣಿ, ದೂರದರ್ಶನಗಳನ್ನು ನಡೆಸುವ ಪ್ರಸಾರ ಭಾರತಿಯ ಸ್ವಾಯತ್ತತೆಯ ಮಾತು ಬಂದಾಗಲೆಲ್ಲ ಎಲ್ಲರ ಬೆರಳೂ ಕಾಯ್ದೆಯ 23ನೇ ಸೆಕ್ಷನ್ ಕಡೆಗೇ ಹೋಗುತ್ತದೆ. ದೇಶದ ಸಾರ್ವಭೌಮತ್ವ, ಏಕತೆ, ಭದ್ರತೆ, ಸಾರ್ವಜನಿಕ ಶಾಂತಿ ಇವುಗಳ ಹೆಸರಿನಲ್ಲಿ "ಇದನ್ನು ಪ್ರಸಾರ ಮಾಡಬೇಡಿ" ಅಥವಾ "ಇದನ್ನು ಮಾಡಿ" ಎಂದು ಕೇಂದ್ರ ಸರ್ಕಾರ ನಿರ್ದೇಶನ ಕೊಡಬಹುದು ಎನ್ನುತ್ತದೆ ಆ ಸೆಕ್ಷನ್. ನೋಡಿ, ಜುಟ್ಟು ಇಲ್ಲಿದೆ ಅನ್ನುತ್ತಾರೆ ಜನ.

ಆದರೆ ಇಡೀ ಕಾಯ್ದೆಯಲ್ಲಿ ಅತ್ಯಂತ ನಿರಪಾಯದ ಸೆಕ್ಷನ್ ಅದೇ. ಅದರ ಕೆಳಗಿನ ಎರಡು ಸಾಲುಗಳನ್ನು ಓದಬೇಕು. ನಿರ್ದೇಶನದ ಮೇರೆಗೆ ಪ್ರಸಾರವಾದದ್ದನ್ನು, ಪ್ರಸಾರ ಭಾರತಿ ಬಯಸಿದರೆ, "ಇದು ಸರ್ಕಾರದ ನಿರ್ದೇಶನದಂತೆ" ಎಂದೇ ಘೋಷಿಸಬಹುದು. ಜೊತೆಗೆ, ಪ್ರತಿ ನಿರ್ದೇಶನದ ಪ್ರತಿಯನ್ನೂ ಸಂಸತ್ತಿನ ಎರಡೂ ಸದನಗಳ ಮುಂದೆ ಇಡಬೇಕು. ಅಂದರೆ ಈ ಬಾಗಿಲಲ್ಲಿ ಒಳಗೆ ಹೋಗುವವರು ರಸೀದಿ ಹರಿಸಿ ಹೋಗಬೇಕು. ಹಿತ್ತಲ ಬಾಗಿಲುಗಳು ನಾಲ್ಕೈದು ತೆರೆದಿರುವಾಗ ರಸೀದಿ ಹರಿಸಲು ಯಾವ ಸರ್ಕಾರಕ್ಕೆ ತಲೆ ಕೆಟ್ಟಿರುತ್ತದೆ?

ಈ ಕಾಯ್ದೆ ಹುಟ್ಟಿದ್ದು ತುರ್ತು ಪರಿಸ್ಥಿತಿಯ ಕಹಿಯಿಂದ. 1975ರಲ್ಲಿ ಐ.ಕೆ. ಗುಜ್ರಾಲ್ ಅವರನ್ನು ಸರಿಸಿ ವಿ.ಸಿ. ಶುಕ್ಲಾ ಅವರನ್ನು ಮಾಹಿತಿ ಮತ್ತು ಪ್ರಸಾರ ಸಚಿವರನ್ನಾಗಿ ಕೂರಿಸಿದ ಮೇಲೆ ಆಕಾಶವಾಣಿ ಸರ್ಕಾರದ ಕೊಂಬುಕಹಳೆಯಾಯಿತು. ಕಿಶೋರ್ ಕುಮಾರ್ ಹಾಡುಗಳೂ ರೇಡಿಯೊದಿಂದ ಮಾಯವಾದವು. ಜನತಾ ಸರ್ಕಾರ ಬಂದು ಬಿ.ಜಿ. ವರ್ಗೀಸ್ ಸಮಿತಿ ಮಾಡಿತು. 1978ರ ವರದಿಯಲ್ಲಿ ಆ ಸಮಿತಿ ಸೂಚಿಸಿದ್ದು 'ಆಕಾಶ ಭಾರತಿ' ಎಂಬ ರಾಷ್ಟ್ರೀಯ ಪ್ರಸಾರ ನ್ಯಾಸವನ್ನು. ಅದರ ಸ್ವಾತಂತ್ರ್ಯವನ್ನು ಸಂವಿಧಾನದಲ್ಲೇ ಬರೆಯಬೇಕೆಂದಿತ್ತು. ಎಲ್.ಕೆ. ಅಡ್ವಾಣಿ ಸಚಿವರಾಗಿದ್ದಾಗ 1979ರಲ್ಲಿ ಮಂಡನೆಯಾದ ಮಸೂದೆ ಅದರ ನೀರು ಹಾಕಿದ ರೂಪ. ಸರ್ಕಾರ ಬಿತ್ತು, ಮಸೂದೆಯೂ ಬಿತ್ತು. ವಿ.ಪಿ. ಸಿಂಗ್ ಕಾಲದಲ್ಲಿ ಪಿ. ಉಪೇಂದ್ರ ತಂದ ಮಸೂದೆಗೆ 1990ರ ಸೆಪ್ಟೆಂಬರ್ 12ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಮೇಲೆ 7 ವರ್ಷ ಕಪಾಟಿನಲ್ಲಿ. ಸಂಸತ್ತು ಒಪ್ಪಿದ ಕಾಯ್ದೆಯನ್ನು ಜಾರಿಗೆ ತರಲು ಒಂದು ಅಧಿಸೂಚನೆ ಸಾಕು. ಆ ಒಂದು ಹಾಳೆ ಹೊರಡಿಸಲಿಲ್ಲ. 1995ರ ಫೆಬ್ರುವರಿಯಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ "ಗಾಳಿಯಲೆಗಳು ಸಾರ್ವಜನಿಕ ಸ್ವತ್ತು" ಎಂದು ಹೇಳಿದ ಮೇಲೂ ಎರಡು ವರ್ಷ ಹಿಡಿಯಿತು. ಕಡೆಗೆ ನಿಗಮ ಅಸ್ತಿತ್ವಕ್ಕೆ ಬಂದದ್ದು 1997ರ ನವೆಂಬರ್ 23ರಂದು, ಗುಜ್ರಾಲ್ ಪ್ರಧಾನಿಯಾಗಿದ್ದಾಗ.

'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ಹೋದದ್ದು ಮೈಸೂರಿನಿಂದ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಕಟ್ಟಿದ ಕೇಂದ್ರ ಅದು. ಖರ್ಚು ಕೈ ಮೀರಿ, 1940ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರದ ಮಡಿಲಿಗೆ ಬಿತ್ತು. ದುಡ್ಡು ಎಲ್ಲಿಂದಲೋ ಬೀಗದ ಕೈ ಅಲ್ಲಿಗೆ ಎಂಬ ಈ ಲೆಕ್ಕ ಪ್ರಸಾರ ಭಾರತಿಗಿಂತ ಹಳೆಯದು.

ಹಿತ್ತಲ ಬಾಗಿಲುಗಳಿಗೆ ಬರೋಣ. ಕಾಗದದ ಮೇಲೆ ಮಂಡಳಿ 15 ಜನರದು: ಅಧ್ಯಕ್ಷರು, ಸಿಇಒ ಎಂದು ಕರೆಯುವ ಕಾರ್ಯನಿರ್ವಾಹಕ ಸದಸ್ಯರು, ಹಣಕಾಸು ಮತ್ತು ಸಿಬ್ಬಂದಿ ವಿಭಾಗದ ತಲಾ ಒಬ್ಬ ಸದಸ್ಯರು, ಆರು ಅರೆಕಾಲಿಕ ಸದಸ್ಯರು, ಆಕಾಶವಾಣಿ ಮತ್ತು ದೂರದರ್ಶನದ ಮಹಾನಿರ್ದೇಶಕರು, ಸಚಿವಾಲಯದ ಒಬ್ಬ ಪ್ರತಿನಿಧಿ, ನೌಕರರ ಇಬ್ಬರು ಪ್ರತಿನಿಧಿಗಳು. ಅಧ್ಯಕ್ಷರು ಮತ್ತು ಇತರ ನೇಮಿತ ಸದಸ್ಯರ ಹೆಸರು ಸೂಚಿಸುವ ಸಮಿತಿಯಲ್ಲಿ ಮೂವರು: ರಾಜ್ಯಸಭೆಯ ಸಭಾಪತಿಗಳಾದ ಉಪರಾಷ್ಟ್ರಪತಿ, ಪ್ರೆಸ್ ಕೌನ್ಸಿಲ್ ಅಧ್ಯಕ್ಷರು, ರಾಷ್ಟ್ರಪತಿಗಳ ಒಬ್ಬ ನಾಮನಿರ್ದೇಶಿತರು. ಓದಲು ಚೆನ್ನಾಗಿದೆ. ಆದರೆ ರಾಷ್ಟ್ರಪತಿಗಳು ನಡೆಯುವುದು ಸಂಪುಟದ ಸಲಹೆಯಂತೆ. ಹಾಗಾಗಿ ಮೂರನೆಯ ಕುರ್ಚಿ ಸರ್ಕಾರದ್ದೇ. ವಿರೋಧ ಪಕ್ಷದ ನಾಯಕರಿಗೆ ಅಲ್ಲಿ ಜಾಗವಿಲ್ಲ.

ತಮ್ಮವರನ್ನು ಕೂರಿಸುವುದಕ್ಕಿಂತ ಸಲೀಸಾದ ದಾರಿ ಯಾರನ್ನೂ ಕೂರಿಸದಿರುವುದು. ಸಮಿತಿ ಇಂತಿಷ್ಟು ದಿನದಲ್ಲಿ ಸೇರಲೇಬೇಕು ಎಂಬ ಗಡುವು ಕಾಯ್ದೆಯಲ್ಲಿಲ್ಲ. ಅಧ್ಯಕ್ಷ ಎ. ಸೂರ್ಯ ಪ್ರಕಾಶ್ 2020ರ ಫೆಬ್ರುವರಿಯಲ್ಲಿ ನಿವೃತ್ತರಾದರು. ಮುಂದಿನ ಅಧ್ಯಕ್ಷ ನವನೀತ್ ಕುಮಾರ್ ಸೆಹಗಲ್ ಬಂದದ್ದು 2024ರ ಮಾರ್ಚ್‌ನಲ್ಲಿ. ನಾಲ್ಕು ವರ್ಷ ಕುರ್ಚಿ ಖಾಲಿ. ಖಾಲಿ ಕುರ್ಚಿ ಸಚಿವಾಲಯಕ್ಕೆ ಎದುರಾಡುವುದಿಲ್ಲವಲ್ಲ.

ತೆಗೆದುಹಾಕುವುದು ಮಾತ್ರ ಬಹಳ ಕಷ್ಟ, ಕಾಯ್ದೆಯ ಪ್ರಕಾರ. ದುರ್ವರ್ತನೆಯ ಆರೋಪದ ಮೇಲೆ ಅಧ್ಯಕ್ಷರನ್ನೋ ಪೂರ್ಣಾವಧಿ ಸದಸ್ಯರನ್ನೋ ತೆಗೆಯಬೇಕಾದರೆ ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿಗೆ ಒಪ್ಪಿಸಬೇಕು, ಕೋರ್ಟ್ ವಿಚಾರಣೆ ನಡೆಸಿ ವರದಿ ಕೊಡಬೇಕು. ಇಷ್ಟು ಗಟ್ಟಿ ಗೋಡೆಯನ್ನು 1998ರಲ್ಲಿ ಹೇಗೆ ದಾಟಿದರು ಗೊತ್ತೆ? ವಯಸ್ಸಿನಿಂದ. ಮೊದಲ ಸಿಇಒ ಎಸ್.ಎಸ್. ಗಿಲ್ ಅವರಿಗೆ ಆಗ 70ರ ಆಸುಪಾಸು. ಗುಜ್ರಾಲ್ ಸರ್ಕಾರ ಸುಗ್ರೀವಾಜ್ಞೆಯಿಂದ ವಯೋಮಿತಿ ಸಡಿಲಿಸಿತ್ತು. ಸುಗ್ರೀವಾಜ್ಞೆಯನ್ನು ಸಂಸತ್ತು ಅಂಗೀಕರಿಸದಿದ್ದರೆ ಅದು ತಾನಾಗಿ ಸಾಯುತ್ತದೆ, ಸತ್ತಿತು. ಆಗಸ್ಟ್‌ನಲ್ಲಿ ವಾಜಪೇಯಿ ಸರ್ಕಾರ ಇನ್ನೊಂದು ಸುಗ್ರೀವಾಜ್ಞೆಯಿಂದ 62ರ ಮಿತಿಯನ್ನು ಮತ್ತೆ ತಂದಿತು. ಗಿಲ್ ಮನೆಗೆ. ಆರೋಪವಿಲ್ಲ, ವಿಚಾರಣೆಯಿಲ್ಲ, ಕೋರ್ಟೂ ಇಲ್ಲ. ಒಬ್ಬ ಮನುಷ್ಯನನ್ನು ಉಳಿಸಲು ಕಾನೂನು ತಿದ್ದಿದವರೂ ಅದೇ ಮನುಷ್ಯನನ್ನು ಕಳಿಸಲು ಕಾನೂನು ತಿದ್ದಿದವರೂ ಒಂದೇ ಆಯುಧ ಹಿಡಿದಿದ್ದರು.

ಇನ್ನು ದುಡ್ಡು. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. 1980ರ ದಶಕದ ಮಧ್ಯದಲ್ಲಿ ಅದು ರದ್ದಾಯಿತು; ಜನರಿಗೆ ತಲೆನೋವು ತಪ್ಪಿತು, ಆದರೆ 'ಕೇಳುಗನ ದುಡ್ಡು' ಎಂಬ ಲೆಕ್ಕವೂ ಅಳಿಸಿಹೋಯಿತು. ಈಗ 17ನೇ ಸೆಕ್ಷನ್ ಪ್ರಕಾರ ಬರುವ ಅನುದಾನವೇ ಆಧಾರ, ಅದು ಸಚಿವಾಲಯದ ಬಜೆಟ್ ಮೂಲಕ ಕಂತಿನಲ್ಲಿ ಬಿಡುಗಡೆಯಾಗುತ್ತದೆ. ಅದರ ಬಹುಪಾಲು ಸಂಬಳಕ್ಕೇ ಹೋಗುತ್ತದೆ. ಹಾಗಾಗಿ ಒಂದು ಕಂತು ತಡವಾದರೆ ಕಾರ್ಯಕ್ರಮವಲ್ಲ, ತಿಂಗಳ ಸಂಬಳವೇ ತೂಗಾಡುತ್ತದೆ.

2018ರ ಆರಂಭದಲ್ಲಿ ಇದು ಬೀದಿಗೆ ಬಂತು. ಸಚಿವಾಲಯ ಸೂಚಿಸಿದ ಪತ್ರಕರ್ತರ ದುಬಾರಿ ನೇಮಕವನ್ನು ಮಂಡಳಿ ಒಪ್ಪಲಿಲ್ಲ. ಗೋವಾ ಚಲನಚಿತ್ರೋತ್ಸವದ ಉದ್ಘಾಟನೆ, ಸಮಾರೋಪಗಳ ಪ್ರಸಾರಕ್ಕಾಗಿ ಖಾಸಗಿ ಸಂಸ್ಥೆಯೊಂದಕ್ಕೆ 2.92 ಕೋಟಿ ರೂಪಾಯಿ ಕೊಡುವುದನ್ನೂ ಒಪ್ಪಲಿಲ್ಲ. ಆ ಕೆಲಸ ದೂರದರ್ಶನಕ್ಕೇ ಬರುತ್ತದೆ ಎಂಬುದು ಅದರ ವಾದ. ಅದೇ ಹೊತ್ತಿಗೆ, ಡಿಸೆಂಬರ್‌ನಿಂದ ಸಂಬಳದ ಹಣ ಬಂದಿಲ್ಲ, ಎರಡು ತಿಂಗಳು ಸ್ವಂತ ನಿಧಿಯಿಂದ ಕೊಟ್ಟಿದ್ದೇವೆ ಎಂದು ಅಧ್ಯಕ್ಷರು ಬಹಿರಂಗವಾಗಿ ಹೇಳಿದರು. ಸಚಿವಾಲಯ ತಡೆಹಿಡಿದ ಆರೋಪವನ್ನು ಒಪ್ಪಲಿಲ್ಲ: ಅನುದಾನ ಪಡೆಯುವ ಸಂಸ್ಥೆ ಸರ್ಕಾರದ ಹಣಕಾಸು ನಿಯಮಗಳಂತೆ ಒಡಂಬಡಿಕೆಗೆ ಸಹಿ ಹಾಕಬೇಕು, ಪ್ರಸಾರ ಭಾರತಿ ಹಾಕಿಲ್ಲ ಎಂದಿತು. ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಇಲಾಖೆಯೊಂದಿಗೆ ಒಡಂಬಡಿಕೆ ಮಾಡಿಕೊಳ್ಳಬೇಕೇ ಎಂಬುದು ಮರುಪ್ರಶ್ನೆ. ಯಾರ ವಾದ ಸರಿ ಎನ್ನುವುದಕ್ಕಿಂತ ಗಮನಿಸಬೇಕಾದ್ದು ಬೇರೆ. ಈ ಇಡೀ ಜಗಳದಲ್ಲಿ 23ನೇ ಸೆಕ್ಷನ್ ಮಾತೇ ಬರಲಿಲ್ಲ. ಅದು ನಡೆದದ್ದು ಹಣಕಾಸು ನಿಯಮಾವಳಿಯ ಮೇಲೆ.

ಸ್ವಂತ ಸಂಪಾದನೆಯ ದೊಡ್ಡ ದಾರಿ ಎಂದರೆ ಡಿಡಿ ಫ್ರೀ ಡಿಶ್: ತಿಂಗಳ ಶುಲ್ಕವಿಲ್ಲದ ಡಿಟಿಎಚ್, ಅದರಲ್ಲಿ ಜಾಗ ಬೇಕಾದ ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಕೂಗಬೇಕು. 2017ರಲ್ಲಿ ಸಚಿವಾಲಯದ ಸೂಚನೆಯಿಂದ ಹರಾಜೇ ನಿಂತು, ಮತ್ತೆ ಶುರುವಾದದ್ದು 2019ರಲ್ಲಿ. ಇನ್ನು ಟ್ರಾನ್ಸ್‌ಮಿಟರ್, ಸ್ಟುಡಿಯೊದಂಥ ಬಂಡವಾಳ ವೆಚ್ಚವಂತೂ ಸಂಪುಟದ ಬಾಗಿಲಿಗೇ ಹೋಗಬೇಕು. 2023ರ ಜನವರಿಯಲ್ಲಿ ಅದಕ್ಕೆ ಮಂಜೂರಾದ ಯೋಜನೆ 2,539.61 ಕೋಟಿಯದು.

ದುಡ್ಡಿನಷ್ಟೇ ಬಿಗಿಯಾದ ಹಗ್ಗ ಸಿಬ್ಬಂದಿಯದು, ಅದರ ಬಗ್ಗೆ ಯಾರೂ ಬರೆಯುವುದಿಲ್ಲ. 2007ರ ಅಕ್ಟೋಬರ್ 5ರವರೆಗೆ ನೇಮಕವಾದವರು ಕೇಂದ್ರ ಸರ್ಕಾರಿ ನೌಕರರೇ, ನಿವೃತ್ತಿಯವರೆಗೆ ಪ್ರಸಾರ ಭಾರತಿಗೆ ನಿಯೋಜನೆಯಲ್ಲಿರುವವರು ಎಂದು ಕಾಯ್ದೆಯನ್ನು ತಿದ್ದಲಾಗಿದೆ. ನೌಕರರೇ ಹೋರಾಡಿ ಪಡೆದದ್ದು ಅದು. ಪಿಂಚಣಿ ಬಿಟ್ಟು ಯಾರು ತಾನೆ ನಿಗಮಕ್ಕೆ ಸೇರುತ್ತಾರೆ? ಆಕಾಶವಾಣಿ ಮತ್ತು ದೂರದರ್ಶನದ ಸುದ್ದಿ ವಿಭಾಗಗಳ ಮೇಲಿನ ಹುದ್ದೆಗಳಲ್ಲಿ ಕೂರುವವರು ಹೆಚ್ಚಾಗಿ ಭಾರತೀಯ ಮಾಹಿತಿ ಸೇವೆಯ ಅಧಿಕಾರಿಗಳು. ಅವರ ಬಡ್ತಿ, ವರ್ಗಾವಣೆ ಸಚಿವಾಲಯದ ಕೈಯಲ್ಲಿ. ಈ ವರ್ಷ ಸರ್ಕಾರದ ಸಾಧನೆಯ ಪತ್ರಿಕಾ ಪ್ರಕಟಣೆ ಬರೆಯುವ ಅಧಿಕಾರಿ ಮುಂದಿನ ವರ್ಷ ಅದೇ ಪ್ರಕಟಣೆ ಸುದ್ದಿಯೋ ಅಲ್ಲವೋ ಎಂದು ತೀರ್ಮಾನಿಸುವ ಮೇಜಿನಲ್ಲಿ ಕೂರುತ್ತಾರೆ. ಅವರಿಗೆ ಯಾರೂ ಫೋನ್ ಮಾಡಬೇಕಿಲ್ಲ.

ಸ್ವಂತ ಸಿಬ್ಬಂದಿ ಬೇಕೆಂದರೆ ನೇಮಕಾತಿ ಮಂಡಳಿ ಬೇಕು. ಕಾಯ್ದೆಯಲ್ಲಿ 1990ರಿಂದಲೇ ಇರುವ ಆ ಮಂಡಳಿ ರಚನೆಯಾದದ್ದು 2020ರ ಜುಲೈನಲ್ಲಿ. ನಡುವಿನ ಕಾಲವನ್ನು ತುಂಬಿದವರು ಗುತ್ತಿಗೆಯವರು ಮತ್ತು ತಿಂಗಳಿಗೆ ಹೆಚ್ಚೆಂದರೆ 6 ಡ್ಯೂಟಿ ಸಿಗುವ ಕ್ಯಾಶುವಲ್ ಉದ್ಘೋಷಕರು. ನಮ್ಮ ಜಿಲ್ಲೆಗಳ ಆಕಾಶವಾಣಿಯಲ್ಲಿ ನೀವು ಕೇಳುವ ಎಷ್ಟೋ ದನಿಗಳು ಅವರವು. ಮುಂದಿನ ತಿಂಗಳ ಪಟ್ಟಿಯಲ್ಲಿ ಹೆಸರಿರುತ್ತದೋ ಇಲ್ಲವೋ ಎಂದಿರುವವರು ಮೈಕಿನ ಮುಂದೆ ಸಾಹಸಕ್ಕೆ ಹೋಗುವುದಿಲ್ಲ.

ಇಷ್ಟಾದ ಮೇಲೆ ಸುದ್ದಿಯಲ್ಲಿ ಏನಾಗುತ್ತದೆ? 2014ರ ಏಪ್ರಿಲ್‌ನಲ್ಲಿ, ಯುಪಿಎ ಕಾಲದಲ್ಲಿ, ದೂರದರ್ಶನ ಮಾಡಿದ ನರೇಂದ್ರ ಮೋದಿ ಸಂದರ್ಶನದ ಭಾಗಗಳು ಪ್ರಸಾರದಲ್ಲಿ ಕತ್ತರಿಯಾದವು. ಅದೇ ಅಕ್ಟೋಬರ್‌ನಲ್ಲಿ, ಎನ್‌ಡಿಎ ಬಂದ ಮೇಲೆ, ಆರೆಸ್ಸೆಸ್ ಮುಖ್ಯಸ್ಥರ ವಿಜಯದಶಮಿ ಭಾಷಣ ನೇರಪ್ರಸಾರವಾಯಿತು. 2017ರ ಸ್ವಾತಂತ್ರ್ಯ ದಿನಕ್ಕೆ ತ್ರಿಪುರಾದ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಭಾಷಣ ಧ್ವನಿಮುದ್ರಣವಾಗಿತ್ತು. ಸಂದರ್ಭದ ಘನತೆಗೆ ತಕ್ಕಂತೆ ಬದಲಿಸಿಕೊಡಿ ಎಂದು ಆಕಾಶವಾಣಿಯವರು ಕೇಳಿದರು, ಮುಖ್ಯಮಂತ್ರಿ ಒಪ್ಪಲಿಲ್ಲ, ಭಾಷಣ ಪ್ರಸಾರವಾಗಲಿಲ್ಲ. ಪಕ್ಷಗಳು ಬದಲಾದವು, ಪದ್ಧತಿ ಬದಲಾಗಲಿಲ್ಲ.

ಇದನ್ನೆಲ್ಲ ಕೇಳಬೇಕಾದ ಜಾಗಗಳನ್ನೂ ಕಾಯ್ದೆಯೇ ಹೇಳಿತ್ತು: 22 ಸಂಸದರ ಸಮಿತಿ (ಲೋಕಸಭೆಯಿಂದ 15, ರಾಜ್ಯಸಭೆಯಿಂದ 7) ಮತ್ತು ದೂರು ಕೇಳುವ ಪ್ರಸಾರ ಪರಿಷತ್ತು. ಎರಡೂ ಕಾಗದದಲ್ಲೇ ಉಳಿದವು.

ಆಸಕ್ತಿ ಇದ್ದವರು 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಪ್ರಸಾರ ಭಾರತಿಯನ್ನು ಕೇಳಬಹುದು; 30 ದಿನದಲ್ಲಿ ಉತ್ತರ ಬರಬೇಕು. "ಸ್ವಾಯತ್ತತೆ ಇದೆಯೇ" ಎಂದು ಕೇಳಬೇಡಿ, ಅಭಿಪ್ರಾಯ ಮಾಹಿತಿಯಲ್ಲ ಎಂದು ವಾಪಸ್ ಕಳಿಸುತ್ತಾರೆ. 23ನೇ ಸೆಕ್ಷನ್ ಅಡಿ ಬಂದ ನಿರ್ದೇಶನಗಳ ಸಂಖ್ಯೆ, ದಿನಾಂಕ ಮತ್ತು ಪ್ರತಿಗಳನ್ನು ಕೇಳಿ. ಭದ್ರತೆಯ ಕಾರಣ ಕೊಟ್ಟು ಪ್ರತಿ ನಿರಾಕರಿಸಿದರೆ, ಅದು ಸದನದ ಮುಂದೆ ಇಡಲೇಬೇಕಾದ ಕಾಗದ ಎಂದು ಮೊದಲ ಮೇಲ್ಮನವಿಯಲ್ಲಿ ಬರೆಯಿರಿ. ಎರಡನೇ ಅರ್ಜಿ ಸಚಿವಾಲಯಕ್ಕೇ ಹಾಕಿ: ಕಳೆದ 3 ವರ್ಷಗಳಲ್ಲಿ ಸಂಬಳದ ಅನುದಾನದ ಪ್ರತಿ ಕಂತು ಬಿಡುಗಡೆಯಾದ ದಿನಾಂಕ, ಮಂಡಳಿಯಲ್ಲಿ ಖಾಲಿ ಇರುವ ಹುದ್ದೆಗಳು, ಅವು ಖಾಲಿಯಾದ ದಿನಾಂಕ. ಮೊದಲನೆಯದಕ್ಕೆ "ಸೊನ್ನೆ" ಎಂದು ಉತ್ತರ ಬಂದರೆ, ಎರಡನೆಯದರ ಉತ್ತರವನ್ನು ಪಕ್ಕದಲ್ಲಿಟ್ಟುಕೊಂಡು ಓದಿ.