ನೋಡುವಂಥಾದ್ದೆಲ್ಲ ನೆಲದಾಗ ಐತಿ

"ಸಾಹೇಬ್ರ, ಈಗ ಬಂದು ಏನ್ ನೋಡ್ತೀರಿ? ನೋಡುವಂಥಾದ್ದೆಲ್ಲ ನೆಲದಾಗ ಐತಿ."

ತಮ್ಮನ ಮನೆ ಕಟ್ಟಿದ ಹಿರಿಯ ಗೌಂಡಿ ಸೋಮವಾರ ಈ ಮಾತು ಹೇಳಿದರು. ಓಸಿ, ಅಂದರೆ ಕಟ್ಟಿದ ಮನೆಯಲ್ಲಿ ವಾಸ ಮಾಡಬಹುದು ಅನ್ನುವ ಪತ್ರ, ಕೊಡುವ ಮುಂಚೆ ಮನೆ ನೋಡಲು ಬಂದಿದ್ದ ಕಟ್ಟಡ ಪರವಾನಗಿ ಕಚೇರಿಯ ಎಂಜಿನಿಯರ್ ಆಗ ಹಿಂದಿನ ಗೋಡೆಗೂ ಕಂಪೌಂಡಿಗೂ ನಡುವಿನ ಜಾಗಕ್ಕೆ ಟೇಪು ಹಿಡಿದಿದ್ದರು. ಚಿಕ್ಕ ವಯಸ್ಸಿನವರು. ಸಿಟ್ಟಾಗುತ್ತಾರೆ ಅಂದುಕೊಂಡೆ. ಆಗಲಿಲ್ಲ.

"ಕಾಕಾ, ಆವಾಗ ನನ್ನ ಯಾರ್ ಕರದಿದ್ರು?" ಅಂದರು.

ಇಬ್ಬರೂ ಸುಮ್ಮನಾದರು. ನಾನು ಮಾತ್ರ ಇವತ್ತಿನವರೆಗೂ ಅದನ್ನೇ ಯೋಚಿಸುತ್ತಿದ್ದೇನೆ. ಗೌಂಡಿ ಹೇಳಿದ್ದು ನಿಜ. ಎಂಜಿನಿಯರ್ ಹೇಳಿದ್ದೂ ನಿಜ. ಎರಡೂ ನಿಜವಾಗಿದ್ದರೆ ಆ ಪಾಯ ನೋಡಿದವರು ಯಾರು?

ಹುಬ್ಬಳ್ಳಿ ಅಂಚಿನಲ್ಲಿ, ನವಲಗುಂದ ರಸ್ತೆ ಕಡೆ ತಮ್ಮನ ಸೈಟು. ಮೂವತ್ತು ಐವತ್ತು. ಪೂರ್ತಿ ಕಾಂಟ್ರ್ಯಾಕ್ಟ್ ಕೊಡುವಷ್ಟು ದುಡ್ಡು ಅವನ ಹತ್ತಿರ ಇರಲಿಲ್ಲ. ಲೇಬರ್ ಮಾತ್ರ ಕೊಟ್ಟು, ಸಿಮೆಂಟು, ಕಬ್ಬಿಣ, ಉಸುಕು ಎಲ್ಲ ತಾನೇ ತಂದು ಹಾಕಿದ. ಮುಂಜಾನೆ ಶಾಲೆಗೆ ಹೋಗುವ ಮುಂಚೆ ಗೋಡೆಗೆ ನೀರು ಹೊಡೆಯುತ್ತಿದ್ದ. ಸಂಜೆ ಬಂದು ಮತ್ತೆ ಹೊಡೆಯುತ್ತಿದ್ದ. ನಮ್ಮ ಕಡೆ ಮನೆಗಳು ಹೆಚ್ಚಾಗಿ ಹೀಗೇ ಏಳುತ್ತವೆ. ಮಾಲಕರೇ ನಿಂತು ಕಟ್ಟಿಸುತ್ತಾರೆ. ಗೊತ್ತಿಲ್ಲದ್ದನ್ನು ಗೌಂಡಿಯನ್ನು ಕೇಳುತ್ತಾರೆ.

ಮೊದಲೆಲ್ಲ ಪರವಾನಗಿ ಸಿಕ್ಕರೆ ಮುಗಿಯಿತು. ಮನೆ ಆಯಿತು, ವಾಸ್ತುಶಾಂತಿ ಮಾಡಿದರು, ಮೀಟರ್ ಕೂಡಿಸಿದರು, ಒಳಗೆ ಹೋದರು. ಓಸಿ ಅನ್ನುವುದನ್ನು ಸ್ವಂತ ಮನೆಯವರು ಕೇಳಿಯೂ ಇರಲಿಲ್ಲ. ಅದು ಅಪಾರ್ಟ್‌ಮೆಂಟಿನವರ ಚಿಂತೆ ಅಂತಲೇ ತಿಳಿದಿದ್ದೆವು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಮೊಕದ್ದಮೆ ಮೀರತ್‌ನದು. ಮನೆಗೆಂದು ಕೊಟ್ಟ ನಿವೇಶನದಲ್ಲಿ ಅಂಗಡಿಗಳು ಎದ್ದಿದ್ದವು. ಆದರೆ ಕೋರ್ಟು ಹಾಕಿದ ಷರತ್ತುಗಳು ಇಡೀ ದೇಶಕ್ಕೆ. ಓಸಿ ತೋರಿಸಿದ ಮೇಲೆಯೇ ಕರೆಂಟು, ನೀರು, ಒಳಚರಂಡಿ. ಮರುವರ್ಷ ನಮ್ಮ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವೂ ವಿದ್ಯುತ್ ಕಂಪನಿಗಳಿಗೆ ಅದನ್ನೇ ಹೇಳಿತು. ಆ ಹೊತ್ತಿಗೆ ತಮ್ಮನ ಮನೆಯ ಗೋಡೆ ಅರ್ಧಕ್ಕೆ ಬಂದಿತ್ತು.

ಈಗ ಮನೆ ಮುಗಿದಿದೆ, ಬಣ್ಣ ಹೊಡೆದಾಗಿದೆ. ಇನ್ನೂ ಕಟ್ಟಡ ಕೆಲಸಕ್ಕೆಂದು ತೆಗೆದುಕೊಂಡ ತಾತ್ಕಾಲಿಕ ಕರೆಂಟಿನಲ್ಲೇ ಇದೆ. ಅದರ ದರ ಜಾಸ್ತಿ. ಅತ್ತ ಬಾಡಿಗೆ, ಇತ್ತ ಸಾಲದ ಕಂತು. ಓಸಿ ಬರುವವರೆಗೆ ಎರಡನ್ನೂ ಕಟ್ಟಬೇಕು. ಮೇಷ್ಟ್ರ ಪಗಾರದಲ್ಲಿ ಇದು ಎಷ್ಟು ಭಾರ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಆದರೂ ಆ ತೀರ್ಪು ತಪ್ಪು ಅಂತ ನಾನು ಹೇಳುವುದಿಲ್ಲ. ಅದನ್ನು ಓದಿದ ಮೇಲೆ ನನಗೆ ಗೌರವವೇ ಬಂತು. ಅದರಲ್ಲಿ ಕರೆಂಟಿನ ಮಾತು ಮಾತ್ರ ಇಲ್ಲ. ಕೆಲಸ ನಡೆಯುವ ಅಷ್ಟೂ ದಿನ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಕಾಣುವ ಹಾಗೆ ಹಾಕಿರಬೇಕು. ಅಧಿಕಾರಿಗಳು ಆಗಾಗ ಬಂದು ನೋಡಬೇಕು. ನೋಡಿದ್ದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಎಲ್ಲ ಸರಿ ಇದ್ದರೆ ಓಸಿಯನ್ನು ತಡಮಾಡದೆ ಕೊಡಬೇಕು. ಇದೆಲ್ಲ ಅದರಲ್ಲೇ ಇದೆ. ಇಷ್ಟರಲ್ಲಿ ನಮ್ಮ ಓಣಿಗೆ ಬಂದು ತಲುಪಿದ್ದು ಮೀಟರಿನ ಷರತ್ತು ಒಂದೇ. ಮಾಲಕರು ಮಾಡಬೇಕಾದ್ದು ತಕ್ಷಣ ಜಾರಿಯಾಯಿತು. ಕಚೇರಿ ಮಾಡಬೇಕಾದ್ದು ಹಾಳೆಯ ಮೇಲೆ ಉಳಿಯಿತು. ನನ್ನ ತಕರಾರು ಇಷ್ಟೇ, ಆದರೆ ಇದು ಸಣ್ಣ ತಕರಾರಲ್ಲ.

ಯಾಕೆಂದರೆ ಇದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬ್ಯಾಸಗಿಗೆ ಬಿರಿಯುತ್ತದೆ. ಬಿರುಕಿನಲ್ಲಿ ಕೈ ಇಳಿಯುವಷ್ಟು. ಇಂಥ ಮಣ್ಣಿನಲ್ಲಿ ಮನೆಯ ಆಯುಷ್ಯ ಪಾಯದಲ್ಲೇ ಗೊತ್ತಾಗುತ್ತದೆ. ಎರೆ ತೆಗೆದು ಗಟ್ಟಿ ನೆಲ ಸಿಗುವವರೆಗೆ ಇಳಿದರಾ? ಗರಸು ತುಂಬಿ ಸರಿಯಾಗಿ ಬಡಿದರಾ? ಕಾಲಂಗಳ ಬುಡವನ್ನು ಬೀಮಿನಿಂದ ಸುತ್ತ ಕಟ್ಟಿದರಾ? ಕಬ್ಬಿಣ ನಕ್ಷೆಯಲ್ಲಿ ಇದ್ದಷ್ಟೇ ಇತ್ತಾ? ಕಾಂಕ್ರೀಟ್ ಬಿದ್ದ ಮರುಗಳಿಗೆಯಿಂದ ಇದ್ಯಾವುದೂ ಯಾರ ಕಣ್ಣಿಗೂ ಕಾಣುವುದಿಲ್ಲ. ಸೋಮವಾರ ಅಳೆದದ್ದು ಗೋಡೆಯ ಪಕ್ಕದ ಜಾಗ, ಮನೆಯ ಎತ್ತರ. ಮಳೆನೀರು ಕೊಯ್ಲಿನ ಪೈಪು ನೋಡಿದರು. ಎಲ್ಲ ಬೇಕಾದದ್ದೇ. ಆದರೆ ಮನೆ ಬೀಳುವುದು ಅದರಿಂದ ಅಲ್ಲ.

ಧಾರವಾಡದವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿಯಿತು. ಮೇಲೆ ಕೆಲಸ ನಡೆದಿತ್ತು, ಕೆಳಗೆ ಅಂಗಡಿಗಳು ಆಗಲೇ ಶುರುವಾಗಿದ್ದವು. 19 ಜನ ಸತ್ತರು. ಅವಶೇಷದ ಅಡಿಯಿಂದ ಜನರನ್ನು ತೆಗೆಯಲು ದಿನಗಳೇ ಹಿಡಿದವು. ಆ ವಾರ ಊರಿನಲ್ಲಿ ಯಾರೂ ಬೇರೆ ಮಾತು ಆಡಲಿಲ್ಲ. ಪೂರ್ತಿಯಾಗುವ ಮುಂಚೆ ಕಟ್ಟಡದೊಳಗೆ ಜನ ಹೋಗಬಾರದು ಅನ್ನುವ ನಿಯಮ ಯಾಕೆ ಬೇಕು ಅಂತ ಕೇಳುವವರಿಗೆ ಅದಕ್ಕಿಂತ ದೊಡ್ಡ ಉತ್ತರ ಬೇಡ.

ನನ್ನನ್ನು ಕಾಡುತ್ತಿರುವ ಇನ್ನೊಂದು ವಿಷಯವಿದೆ. ತಮ್ಮನ ಮನೆಗೆ ಬ್ಯಾಂಕಿನ ಕಡೆಯ ಎಂಜಿನಿಯರ್ ಪಾಯ ಆದಾಗ ಬಂದಿದ್ದರು. ಲಿಂಟಲ್ ಆದಾಗ ಬಂದಿದ್ದರು. ಸ್ಲ್ಯಾಬ್ ಬಿದ್ದಾಗಲೂ ಬಂದು ಫೋಟೋ ತೆಗೆದುಕೊಂಡು ಹೋಗಿದ್ದರು. ಅವರು ನೋಡದೆ ಸಾಲದ ಮುಂದಿನ ಕಂತು ಬಿಡುಗಡೆ ಆಗುತ್ತಿರಲಿಲ್ಲ. ಅವರು ಕಬ್ಬಿಣ ಎಣಿಸಲಿಲ್ಲ, ಎಷ್ಟು ಕೆಲಸ ಆಗಿದೆ ಅಂತ ನೋಡಿದರು ಅಷ್ಟೇ. ಆದರೆ ಸರಿಯಾದ ಹೊತ್ತಿಗೆ ಬಂದರು. ತನ್ನ ದುಡ್ಡಿಗಾಗಿ ಬ್ಯಾಂಕು ಹಂತಹಂತಕ್ಕೂ ಬರಬಹುದಾದರೆ, ಆ ಮನೆಯಲ್ಲಿ ಮಲಗುವ ಮಕ್ಕಳಿಗಾಗಿ ಇನ್ನೊಬ್ಬರು ಯಾಕೆ ಬರಬಾರದು?

ಪರವಾನಗಿ ಪತ್ರ ತೆಗೆದು ಮತ್ತೆ ಓದಿದೆವು. ಪಾಯದ ಹಂತದಲ್ಲಿ ಕಚೇರಿಗೆ ತಿಳಿಸಬೇಕು ಅಂತ ಷರತ್ತುಗಳ ನಡುವೆ ಒಂದು ಸಾಲು ಇದೆ, ಸಣ್ಣ ಅಕ್ಷರದಲ್ಲಿ. ಪತ್ರ ಕೊಟ್ಟವರು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ನಕ್ಷೆ ಹಾಕಿದವರೂ ಹೇಳಿರಲಿಲ್ಲ. ಆ ನಕ್ಷೆಯವರ ಬಗ್ಗೆ ನನಗೆ ಸಿಟ್ಟಿದೆ. ಸಹಿ ಹಾಕಿ ಫೀಸು ಇಸಿದುಕೊಂಡವರು ಒಮ್ಮೆಯೂ ಸೈಟಿಗೆ ಕಾಲಿಡಲಿಲ್ಲ. ಕಚೇರಿಯ ಆ ಹುಡುಗನ ಮೇಲೆ ಸಿಟ್ಟು ಬರುತ್ತಿಲ್ಲ. ಎಷ್ಟು ವಾರ್ಡು ಅವರೊಬ್ಬರ ಕೊರಳಿಗೆ ಬಿದ್ದಿದೆಯೋ ಏನೋ, ಬಿಸಿಲಿನಲ್ಲಿ ಬೈಕ್ ಮೇಲೆ ಬಂದಿದ್ದರು, ನೀರು ಕೇಳಿ ಕುಡಿದರು.

ಗೌಂಡಿಯ ಮಾತಿನಲ್ಲಿ ದೂರು ಇರಲಿಲ್ಲ ಅಂತ ಈಗ ಅನಿಸುತ್ತಿದೆ. ಅವರಿಗೆ ತಮ್ಮ ಕೆಲಸ ತೋರಿಸುವ ಆಸೆ ಇತ್ತು. ಪಾಯ ತೆಗೆಯುವಾಗ ಇನ್ನೂ ಎರಡು ಅಡಿ ಇಳಿಯೋಣ ಅಂತ ಹಟ ಹಿಡಿದವರೇ ಅವರು. "ಅಕ್ಕಾರ, ಎರಿ ಇನ್ನೂ ಹೋಗಿಲ್ಲ, ಇಲ್ಲೇ ನಿಂತ್ರ ನಾಳೆ ಗ್ವಾಡಿ ಸೀಳತೈತ್ರಿ" ಅಂತ ನನಗೇ ಹೇಳಿದ್ದರು. ಅಷ್ಟು ಒಳ್ಳೆಯ ಕೆಲಸ ಮಣ್ಣಿನಡಿ ಹೋಯಿತು. ಸರ್ಕಾರದ ಯಾವ ಪುಸ್ತಕದಲ್ಲೂ ಅದು ಇಲ್ಲ. ಇನ್ನೊಂದು ಸೈಟಿನಲ್ಲಿ ಯಾರೋ ಎರಡು ಅಡಿ ಉಳಿಸಿದ್ದರೆ ಅದೂ ಇಲ್ಲ. ಓಸಿ ಬಂದ ಮೇಲೆ ಎರಡೂ ಮನೆಗೆ ಒಂದೇ ಬೆಲೆ.

1200 ಚದರಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಡುವ ಕೆಲಸವೂ ರಾಜ್ಯದಲ್ಲಿ ಆಗಿದೆ. ಬಡವರಿಗೆ ಅದು ದೊಡ್ಡ ಆಸರೆ, ಸಂತೋಷವೇ. ಆದರೆ ಮೂವತ್ತು ನಲವತ್ತರ ಸೈಟಿನ ಕೆಳಗೂ ಎರೆ ಮಣ್ಣೇ ಇರುವುದು. ಕಾಗದ ಬೇಡವಾದರೂ ಪಾಯದ ಹೊತ್ತಿಗೆ ಒಬ್ಬರು ಬಂದು ನೋಡುವುದು ಅವರಿಗೂ ಬೇಕು.

ತಮ್ಮನ ಸೈಟಿನ ಎದುರಿಗೆ ಈಗ ಇನ್ನೊಬ್ಬರು ಪಾಯ ತೆಗೆಸಿದ್ದಾರೆ. ಅವರೂ ಸ್ವಂತ ನಿಂತು ಕಟ್ಟಿಸುವವರೇ. ನಿನ್ನೆ ಅವರ ಜೊತೆ ಕೂತು ಕಚೇರಿಗೆ ಒಂದು ಅರ್ಜಿ ಬರೆದೆ. ಪಾಯಕ್ಕೆ ಕಬ್ಬಿಣ ಕಟ್ಟುತ್ತಿದ್ದೇವೆ, ಕಾಂಕ್ರೀಟ್ ಹಾಕುವ ಮುಂಚೆ ಬಂದು ನೋಡಿ ಅಂತ. ಇವತ್ತು ಅವರು ಅದನ್ನು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದಿದ್ದಾರೆ. ಮಳೆ ಬಂದರೆ ಗುಂಡಿಯಲ್ಲಿ ನೀರು ನಿಂತು ಎರೆ ಮೆತ್ತಗಾಗುತ್ತದೆ, ಹಾಗಾಗಿ ಬಹಳ ದಿನ ಕಾಯುವ ಹಾಗಿಲ್ಲ. ಸೋಮವಾರದವರೆಗೆ ಕಾಯೋಣ, ಅಷ್ಟರಲ್ಲಿ ಯಾರೂ ಬರದಿದ್ದರೆ ನಾನೇ ನಿಮ್ಮ ಜೊತೆ ಕಚೇರಿಗೆ ಬರುತ್ತೇನೆ ಅಂತ ಹೇಳಿದ್ದೇನೆ.